ಹಕ್ಕಿ ಬಲ್ಲ ವರ

ಮದುವೆ ದಲ್ಲಾಳಿ ಚನ್ನಬಸಯ್ಯ ಗೋವರ್ಧನನ ಬಯೋಡಾಟಾದಲ್ಲಿ ‘ಹವ್ಯಾಸ’ ಎಂಬಲ್ಲಿ ಖಾಲಿ ಬಿದ್ದಿದ್ದ ಜಾಗ ನೋಡಿ, ಯಾರನ್ನೂ ಕೇಳದೆ ‘ಪಕ್ಷಿ ವೀಕ್ಷಣೆ’ ಎಂದು ತುಂಬಿಬಿಟ್ಟ. ಆದೋನಿಯ ಹತ್ತಿ ಯಾರ್ಡಿನಲ್ಲಿ ಎಳೆ ಹಿಡಿದು ದರ್ಜೆ ಹೇಳುವ ಗೋವರ್ಧನನಿಗೆ ಹಕ್ಕಿಗಳ ಗಂಧಗಾಳಿ ಇರಲಿಲ್ಲ. ಆದರೆ ವಯಸ್ಸು ಮೂವತ್ತಮೂರು; ಹನ್ನೊಂದು ಹೆಣ್ಣುಗಳು ಆಗಲೇ ಒಲ್ಲೆ ಎಂದಿದ್ದವು.

ಹನ್ನೆರಡನೆಯವಳು ಮೌನಿಕಾ. ಆಕೆಯ ಅಪ್ಪ ಆದೆಪ್ಪ, ಅದೇ ಊರಿನ ಪ್ರಾಣಿಶಾಸ್ತ್ರದ ನಿವೃತ್ತ ಮೇಷ್ಟ್ರು, ಬಯೋಡಾಟಾ ಓದಿದ ದಿನವೇ ಫೋನ್ ಮಾಡಿದರು.

“ಉಗಾದಿಗಿಂತ ಮೊದ್ಲು ನೆಲ್ಲೂರು ಕಡಿ ಸಮುದ್ರದ ದಂಡಿಗೆ ಬಸ್ ಒಯ್ಯಾಕತ್ತೀನ್ರಿ, ಹಕ್ಕಿ ನೋಡಾಕ. ಹುಡುಗಿನ್ನ ನೋಡಾದೂ ಅಲ್ಲೇ ಆಗ್ಲಿ. ಬಂದುಬಿಡ್ರಿ.”

ಗೋವರ್ಧನ ದಲ್ಲಾಳಿಯ ಕೊರಳಪಟ್ಟಿ ಹಿಡಿದ. ಚನ್ನಬಸಯ್ಯ ನಿಧಾನವಾಗಿ ಕೊರಳು ಬಿಡಿಸಿಕೊಂಡು ಹೇಳಿದ, “ಸುಮ್ನ ತಲಿ ಅಲ್ಲಾಡ್ಸಪ್ಪ. ತಿಳಿದೋರು ಜಾಸ್ತಿ ಮಾತಾಡಂಗಿಲ್ಲ.”

ಹೀಗೆ ಒಂದು ಬೆಳಿಗ್ಗೆ ಗೋವರ್ಧನ ಸಮುದ್ರದಂಚಿನ ಪಕ್ಷಿಧಾಮದಲ್ಲಿ ಬಸ್ಸಿಳಿದ. ಜೊತೆಗೆ ಸೋದರತ್ತೆ ಮೂಕಮ್ಮ, ಒಂದು ಡಬ್ಬಿ ಮಂಡಕ್ಕಿ ಒಗ್ಗಾಣಿ. ಹೆಸರು ಮೂಕಮ್ಮನಾದರೂ ಅತ್ತೆಯ ಬಾಯಿ ಬಿರಡೆ ಕಿತ್ತ ನಲ್ಲಿಯಂಥದು.

ಉಪ್ಪುನೀರಿನ ಸರೋವರದ ತುಂಬ ಗುಲಾಬಿ ಹಕ್ಕಿಗಳು ನಿಂತಿದ್ದವು. ಹಕ್ಕಿ ನೋಡಲು ಬಸ್ಸಿನಲ್ಲಿ ಬಂದಿದ್ದ ಇಪ್ಪತ್ತು ಮಂದಿ ಉಸಿರು ಬಿಗಿಹಿಡಿದರು.

“ಅಯ್ಯೋ ಪಾಪ! ಎಲ್ಲಾವಕ್ಕೂ ಒಂದಾ ಕಾಲು!” ಎಂದಳು ಮೂಕಮ್ಮ.

“ರಾಜಹಂಸ ರೀ ಅವು. ಇನ್ನೊಂದು ಮಡಚ್ಕಂಡು ನಿಂತಾವ,” ಎಂದರು ಆದೆಪ್ಪ.

“ಹೌದಾ? ಬೇಯಿಸಿದ್ರ ಒಂದು ಎಷ್ಟು ಮಂದಿಗೆ ಆದೀತ್ರಿ?”

ದುರ್ಬೀನುಗಳೆಲ್ಲ ಹಕ್ಕಿ ಬಿಟ್ಟು ಮೂಕಮ್ಮನ ಕಡೆ ತಿರುಗಿದವು. ಗೋವರ್ಧನನಿಗೆ ಹನ್ನೆರಡನೆಯ ‘ಒಲ್ಲೆ’ ಕಿವಿಯಲ್ಲೇ ಕೇಳಿಸಿತು. ಮೌನಿಕಾ ಮಾತ್ರ ಬಸ್ಸಿನ ಮೆಟ್ಟಿಲ ಮೇಲೆ ಸರೋವರಕ್ಕೆ ಬೆನ್ನು ಹಾಕಿ ಕೂತಿದ್ದಳು. ಆಕೆ ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

ಮಾತು ತಿರುಗಿಸಲು ಆದೆಪ್ಪ ದಡದ ಪುಟ್ಟ ಹಕ್ಕಿಯೊಂದನ್ನು ತೋರಿಸಿದರು. “ಗೋವರ್ಧನ್‌ರವರೇ, ಅದು ಹಸಿರುಗಾಲಿನ ಉಲ್ಲಂಕಿ ಅಲ್ಲೇನ್ರಿ?”

ಗೋವರ್ಧನ ಗಂಭೀರವಾಗಿ ತಲೆ ಅಲ್ಲಾಡಿಸಿದ. ಅಭ್ಯಾಸವಿಲ್ಲದ ತಲೆ, ಮೇಲೆ ಕೆಳಗೆ ಹೋಗುವ ಬದಲು ಅಡ್ಡಡ್ಡ ಹೋಯಿತು.

“ಅಲ್ಲಾ?” ಆದೆಪ್ಪ ದುರ್ಬೀನು ಕಣ್ಣಿಗೊತ್ತಿಕೊಂಡರು. ಅವರ ಬಾಯಿ ತೆರೆದೇ ಉಳಿಯಿತು. “ಖರೇ ರೀ! ಕಾಲು ಕೆಂಪೈತಿ! ಬರಿಗಣ್ಣಿಲೇ ಹಿಡಿದ್ರಲ್ರೀ!”

ಹಿಡಿದವನಿಗೇ ಗಾಬರಿಯಾಗಿ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಕೆಸರಿತ್ತು. ಸೊಂಟದವರೆಗೆ ಇಳಿದವನನ್ನು ನಾಲ್ಕು ಜನ, ಬಾವಿಗೆ ಬಿದ್ದ ಎಮ್ಮೆಯನ್ನು ಎಳೆದಂತೆ ಮೇಲೆಳೆದರು. ಮೇಲೆ ಬಂದಾಗ ಮುಷ್ಟಿಯಲ್ಲಿ ಒಂದಿಷ್ಟು ಗರಿ, ಬಿಳಿ ತುಪ್ಪಳ. ಹತ್ತಿ ಎಳೆದು ರೂಢಿಯಾದ ಬೆರಳು, ಕೈಗೆ ಬಿಳಿಯದೇನಾದರೂ ಸಿಕ್ಕರೆ ಸುಮ್ಮನಿರದು. ಎರಡು ಹೆಬ್ಬೆರಳ ನಡುವೆ ತುಪ್ಪಳ ಎಳೆದು, ತೋಳಿನ ಮೇಲೆ ಹಾಸಿ ನೋಡಿ, ಅವನ ಬಾಯಿ ತಾನಾಗಿಯೇ ಆಡಿತು: “ಇಪ್ಪತ್ತೊಂಬತ್ತು ಎಂ.ಎಂ. ತೇವ ಜಾಸ್ತಿ. ಎರಡನೇ ದರ್ಜೆ.”

“ಗರಿ ಅಳತಿ ಮಾಡೋ ಪದ್ಧತಿ!” ಆದೆಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. “ನಲವತ್ತು ವರ್ಷ ಪಾಠ ಮಾಡೀನಿ, ಇದು ಗೊತ್ತಿರ್ಲಿಲ್ಲ!”

ಅರ್ಧ ಗಂಟೆಯಲ್ಲಿ ಅವನ ಮುಂದೆ ಸಾಲು ನಿಂತಿತ್ತು, ಎಲ್ಲರ ಕೈಯಲ್ಲೂ ಒಂದೊಂದು ಗರಿ. ಮೂಕಮ್ಮ ಸಾಲಿಗೆಲ್ಲ ಒಗ್ಗಾಣಿ ಹಂಚುತ್ತ, “ನಮ್ಮ ಹುಡುಗ ಸಣ್ಣಾಂವಿದ್ದಾಗಿಂದ ಹಿಂಗಾ ರೀ,” ಎಂದು ಹೇಳುತ್ತಿದ್ದಳು. ಕೊನೆಗೆ ಆದೆಪ್ಪ ಕೆಸರನ್ನೂ ಲೆಕ್ಕಿಸದೆ ಅವನನ್ನು ತಬ್ಬಿ, “ಅಳಿಯಂದ್ರೇ, ಹೋಗ್ರಿ, ಆಕಿ ಜೋಡಿ ಎರಡು ಮಾತಾಡ್ರಿ,” ಎಂದರು.

ಮೌನಿಕಾ ಎದ್ದು ನಿಂತಳು. ಮುಖ ಬಿಳಿಚಿತ್ತು.

“ನಿಮ್ಮನ್ನ ನೋಡಿ ಎದಿ ಧಸಕ್ಕಂತ್ರಿ. ಹುಟ್ಟಿದಾಗಿಂದ ಒಂದು ಐತವಾರ ಹೊತ್ತೇರಾತನ ಮಲ್ಗಿಲ್ಲ ನಾನು. ಬರೇ ಕೆಸರು, ಸೊಳ್ಳಿ, ದುರ್ಬೀನು. ಹತ್ತಿ ಯಾರ್ಡಿನ ಹುಡುಗ ಅಂದ್ರು, ಬದುಕಿದೆ ಅಂದ್ಕಂಡೆ.”

“ಬಯೋಡಾಟಾದಾಗ...”

“ಅದರಾಗೆಲ್ಲ ಸುಳ್ಳೇ ಬರಸ್ತಾರ ಅಂತ ಸುಮ್ನಿದ್ದೆ. ನಂದ್ರಾಗ ‘ಅಡಿಗಿ’ ಅಂತ ಐತಿ. ಚಾ ಕಾಸಾಕ ಬರಂಗಿಲ್ಲ. ನಿಮ್ದು ನೋಡಿದ್ರ ಖರೇ ಐತಿ! ನಮ್ಮಪ್ಪಗಿಂತ ಮುಂದ ಅದೀರಿ. ನಾ ಒಲ್ಲೆ.”

“ಎಲ್ಲಮ್ಮನಾಣಿ, ನಂಗ ಒಂದು ಹಕ್ಕಿನೂ ಗೊತ್ತಿಲ್ರಿ!”

“ಹಂಗಾದ್ರ ಕೆಂಪುಗಾಲು ಹೆಂಗ ಹಿಡಿದ್ರಿ?”

ಗೋವರ್ಧನ ಸುತ್ತ ನೋಡಿದ. ನೀರಿನ ನಡುವಿನ ಗೂಟದ ಮೇಲೆ ಕರಿ ಹಕ್ಕಿಯೊಂದು ರೆಕ್ಕೆ ಹರವಿಕೊಂಡು ಒಣಗುತ್ತಿತ್ತು. ತನ್ನ ದಡ್ಡತನ ಸಾಬೀತು ಮಾಡಲು ಇದಕ್ಕಿಂತ ಒಳ್ಳೆಯ ಗಳಿಗೆ ಸಿಗದು ಎಂದುಕೊಂಡು, ಬಾಯಿಗೆ ಬಂದದ್ದನ್ನು ಕೂಗಿದ: “ನೋಡ್ರಿ, ಅದು... ಅದು ನೀರುಕಾಗಿ!”

“ಬರೋಬ್ಬರಿ!” ಹಿಂದಿನಿಂದ ಆದೆಪ್ಪನವರ ದನಿ ಗುಡುಗಿತು. “ನೀರುಕಾಗೆನೇ! ಇಷ್ಟು ದೂರದಾಗಿಂದ!”

ಮೌನಿಕಾ ಅಪ್ಪನಿಗೂ ‘ಒಲ್ಲೆ’ ಎಂದಳು. ಚೀಲ ಎತ್ತಿಕೊಂಡು ಬಸ್ಸಿನ ಕೊನೆಯ ಸೀಟಿಗೆ ಹೋಗಿ ಮೂಕಮ್ಮನ ಪಕ್ಕ ಕೂತಳು.

ಬಸ್ಸು ಹೊರಟಾಗ ಆದೆಪ್ಪ ಗೋವರ್ಧನನ ಪಕ್ಕದಲ್ಲಿ ಬಂದು ಕೂತು, ಅವನ ತೊಡೆ ತಟ್ಟಿದರು. “ಆಕಿ ಒಲ್ಲೆ ಅಂದ್ಲು, ಹೋಗ್ಲಿ ಬಿಡ್ರಿ. ಮಗಳು ಇಲ್ದಿದ್ರೇನಾತು, ನಾನು ಅದೀನಲ್ಲ! ಮುಂದಿನ ಐತವಾರದಿಂದ ದಿನಾ ಬೆಳಿಗ್ಗಿ ಐದಕ್ಕ ನಿಮ್ಮ ಮನಿ ಮುಂದ ಗಾಡಿ ತಂದು ಹಾರ್ನ್ ಹೊಡಿತೀನಿ.”

ಅಷ್ಟು ಹೇಳಿ ಕಾಲ ಬಳಿಯ ಚೀಲದಿಂದ ನಲವತ್ತು ವರ್ಷದ ನೋಟ್‌ಬುಕ್ಕುಗಳನ್ನು ಒಂದೊಂದಾಗಿ ತೆಗೆದು ಗೋವರ್ಧನನ ಮಡಿಲಲ್ಲಿ ಪೇರಿಸಿ, ಮೊದಲನೆಯದರ ಮೊದಲ ಪುಟ ತೆರೆದು, ಗಂಟಲು ಸರಿಪಡಿಸಿಕೊಂಡರು. ಆದೋನಿ ಇನ್ನೂ ಹನ್ನೊಂದು ತಾಸಿನ ದಾರಿ.