ನೀಲಿ ಶೂಗಳ ಅತ್ತೆ

ಮಕೋಖಾನ ಅಂದಿನ ಗ್ರಹಚಾರಕ್ಕೆಲ್ಲ ಮೂಲ ಒಂದು ಜೊತೆ ನೀಲಿ ಕ್ಯಾನ್ವಾಸ್ ಶೂ. ಅದೂ ಅವನೇ ಕೈಯಾರೆ ಕೊಂಡು ತಂದದ್ದು.

ಬೆಳಿಗ್ಗೆ ಆರು ಗಂಟೆಗೆ ನಕುರು ವನ್ಯಜೀವಿ ಉದ್ಯಾನದ ಗೇಟಿನ ಮುಂದೆ ತನ್ನ ಸಫಾರಿ ವ್ಯಾನಿನ ಬಾಗಿಲು ತೆರೆದು ಹಿಡಿದು, ಮಿಸಿಖು ಊರಿನ ಚರ್ಚ್ ಮಹಿಳಾ ಸಂಘದ ಎಂಟು ಹೆಂಗಸರನ್ನು ಒಬ್ಬೊಬ್ಬರಾಗಿ ಹತ್ತಿಸಿಕೊಳ್ಳುತ್ತಿದ್ದ. ಮಿಸಿಖು ಎಂಬ ಹೆಸರು ಕಿವಿಗೆ ಬಿದ್ದಾಗಲೇ ಎದೆಯೊಳಗೆ ಒಂದು ಸಣ್ಣ ಕಪ್ಪೆ ಕುಪ್ಪಳಿಸಿತ್ತು; ಅದು ಅವನ ಹೆಂಡತಿಯ ತವರು. ಏಳನೆಯವಳು ಮೆಟ್ಟಿಲ ಮೇಲೆ ಕಾಲಿಟ್ಟಳು. ನೀಲಿ ಶೂ. ಅದಕ್ಕೆ ಕೆಂಪು ಲೇಸು.

ಕಪ್ಪೆ ಹೋಗಿ ಕಾಡೆಮ್ಮೆ ಕುಪ್ಪಳಿಸಿತು. ಆ ಶೂಗೆ ಸರಿಯಾದ ಲೇಸು ಸಿಗದೆ ಸಂತೆಯಲ್ಲಿ ಕೆಂಪು ಲೇಸು ಪೋಣಿಸಿ, ಹೋದ ಕ್ರಿಸ್‌ಮಸ್ಸಿಗೆ ಹೆಂಡತಿ ನಲಿಯಾಕಾಳ ಕೈಯಲ್ಲಿ ಅತ್ತೆಗೆಂದು ಕಳಿಸಿದವನು ಅವನೇ. ಇಡೀ ಕೀನ್ಯಾದಲ್ಲಿ ಅಂಥ ಜೊತೆ ಇನ್ನೊಂದು ಇರಲಾರದು.

ಬುಕುಸು ಜನರಲ್ಲಿ ಅಳಿಯನಾದವನಿಗೆ ಸಿಂಹದ ಭಯ ಇಲ್ಲದಿದ್ದರೂ ನಡೆದೀತು, ಅತ್ತೆಯ ಭಯ ಇರಲೇಬೇಕು. ಅವಳ ಮುಖ ನೋಡುವಂತಿಲ್ಲ, ಕೈ ಕುಲುಕುವಂತಿಲ್ಲ, ಅವಳೆದುರು ತುತ್ತು ಬಾಯಿಗಿಡುವಂತಿಲ್ಲ. ಒಂದೇ ಗಾಡಿಯಲ್ಲಿ ಕೂತರಂತೂ ಊರ ಹಿರಿಯರೆಲ್ಲ ಸೇರಿ ಉಗಿಯುತ್ತಾರೆ. ಅತ್ತೆಗೂ ಅಷ್ಟೇ ಕಟ್ಟು. ಅಳಿಯ ಬಂದನೆಂದರೆ ಶಾಲನ್ನು ಮುಖದ ಮೇಲೆ ಎಳೆದುಕೊಂಡು ಬಾಳೆಗಿಡಗಳ ಹಿಂದೆ ಮಾಯ. ಹೀಗಾಗಿ ಮದುವೆಯಾದ ಆರು ವರ್ಷಗಳಲ್ಲಿ ಮಕೋಖಾ ಅತ್ತೆಯದೆಂದು ಕಂಡದ್ದು ಎರಡು ಪಾದ, ಕೇಳಿದ್ದು ಬಾಗಿಲ ಹಿಂದಿನ ಒಂದು ಪಿಸುಮಾತು. ಆ ಪಾದಗಳನ್ನೇ ನೆನೆದು, ಅಂದಾಜಿನಲ್ಲೇ ಶೂ ಕೊಂಡಿದ್ದ.

ಬೇರೆ ದಿನವಾಗಿದ್ದರೆ ಹೇಗೋ ಆಗುತ್ತಿತ್ತು. ಆದರೆ ನಲಿಯಾಕಾ ಮುನಿಸಿಕೊಂಡು ಮೂರು ವಾರದಿಂದ ತವರಿನಲ್ಲಿದ್ದಳು. ಜಗಳಕ್ಕೆ ಕಾರಣ ಒಲೆಯ ಮೇಲಿನ ಹಾಲು ಉಕ್ಕಿಹೋದ ಸಣ್ಣ ವಿಷಯ ಎಂದು ಅವನ ಲೆಕ್ಕ. ನಾಳೆ ಚಿಕ್ಕಪ್ಪನನ್ನು ಮುಂದಿಟ್ಟುಕೊಂಡು ಹೋಗಿ ಅವಳನ್ನು ಕರೆತರಬೇಕು. ಕಳಿಸುವುದು ಬಿಡುವುದು ಅತ್ತೆಯ ಒಂದು ಮಾತಿನ ಮೇಲೆ ನಿಂತಿತ್ತು. ಆ ಅತ್ತೆ ಇವತ್ತು ಅವನ ವ್ಯಾನಿನ ಕೊನೆಯ ಸೀಟಿನಲ್ಲಿ ಕೂತಿದ್ದಳು!

ಗೇಟಿನ ಮರೆಗೆ ಹೋಗಿ ವ್ಯಾನಿನ ಮಾಲೀಕನಿಗೆ ಫೋನ್ ಮಾಡಿದ. "ಅತ್ತೆ ತಾನೆ, ಚಿರತೆ ಅಲ್ವಲ್ಲ? ಓಡಿಸು," ಎಂದು ಮಾಲೀಕ ಇಟ್ಟುಬಿಟ್ಟ. ರೇಡಿಯೋದ ಮೈಕನ್ನು ಕಿಟಕಿಯಿಂದಾಚೆ ಎಳೆದು, ಪಿಸುದನಿಯಲ್ಲಿ ಗೆಳೆಯ ಕಿಪ್ಸಾಂಗನನ್ನು ಹಿಡಿದ. ಅವನೂ ಅದೇ ಕಾಡಿನಲ್ಲಿ ಆಗಲೇ ವಿದೇಶಿಯರನ್ನು ಸುತ್ತಿಸುತ್ತಿದ್ದ.

"ಗಾಡಿ ಬದಲಾಯಿಸ್ಕೊಳ್ಳೋಣ ಮಾರಾಯ, ನಿನ್ನ ಕಾಲಿಗೆ ಬೀಳ್ತೀನಿ."

"ನನ್ನ ಜನ ಬೈತಾರಪ್ಪ. ಒಂದು ಉಪಾಯ ಹೇಳ್ತೀನಿ ಕೇಳು. ಕನ್ನಡಿ ಮೇಲಕ್ಕೆ ತಿರುಗಿಸು. ಟೋಪಿ, ಕಪ್ಪು ಕನ್ನಡಕ ಹಾಕ್ಕೋ, ಮೂಗಿಗೆ ಧೂಳಿನ ಬಟ್ಟೆ ಕಟ್ಟು. ನಿನ್ನ ಹೆಸರು ಹೇಳ್ಬೇಡ. ನೀನು ಅವರನ್ನ ನೋಡದೆ, ಅವರು ನಿನ್ನನ್ನ ಗುರುತಿಸದೆ ಇದ್ರೆ ಅದು ಭೇಟಿ ಹೇಗಾಗುತ್ತೆ?"

ಮುಳುಗುವವನಿಗೆ ಹುಲ್ಲುಕಡ್ಡಿ. ಹೆಂಗಸರ ಕಿವಿಗೆ ಬೀಳದಿರಲಿ ಎಂದು ರೇಡಿಯೋ ಆರಿಸಿ, ಕನ್ನಡಿಯನ್ನು ಚಾವಣಿಗೆ ತಿರುಗಿಸಿ, ಬ್ಯಾಂಕು ದೋಚಲು ಹೊರಟವನಂತೆ ಮುಖ ಕಟ್ಟಿಕೊಂಡು ಮಕೋಖಾ ಗಾಡಿ ಹೊರಡಿಸಿದ.

ಅವನ ಪಕ್ಕದ ಸೀಟಿನಲ್ಲಿ ಸಂಘದ ಅಧ್ಯಕ್ಷೆ ಕೂತಿದ್ದರು. ಕೂತಿದ್ದರು ಎನ್ನುವುದಕ್ಕಿಂತ ತುಂಬಿಕೊಂಡಿದ್ದರು ಎನ್ನಬೇಕು. ನಕ್ಕರೆ ವ್ಯಾನೇ ಒಂದು ಕಡೆಗೆ ವಾಲುತ್ತಿತ್ತು. ಎಲ್ಲರ ಬಾಯಲ್ಲೂ ಅವರು ಅಧ್ಯಕ್ಷಮ್ಮ.

"ನಿನ್ನ ಹೆಸರೇನಪ್ಪಾ ಮಗಾ?"

"ಇಲ್ಲೆಲ್ಲಾ ಜಿರಾಫೆ ಅಂತಾರಮ್ಮ."

"ಕುತ್ತಿಗೆ ನೋಡಿದ್ರೆ ಗೊತ್ತಾಗುತ್ತೆ ಬಿಡು. ಆನೆ ಎಲ್ಲಿ?"

"ಅಮ್ಮಾ, ಈ ಕಾಡಲ್ಲಿ ಆನೆ ಇಲ್ಲ."

"ಆನೆ ಇಲ್ದೇ ಇರೋದೂ ಒಂದು ಕಾಡೇನೋ? ಆನೆ ನಮ್ಮೂರಲ್ಲೂ ಇಲ್ಲ. ಅದಕ್ಕೆ ಐದು ಗಂಟೆ ಬಸ್ಸಲ್ಲಿ ಸೊಂಟ ಮುರ್ಕೊಂಡು ಬರ್ಬೇಕಿತ್ತಾ?"

ಹಿಂದಿನ ಹೆಂಗಸರೆಲ್ಲ ಗೊಳ್ಳೆಂದರು. ನೀಲಿ ಶೂ ಮಾತ್ರ ತುಟಿ ಬಿಚ್ಚಲಿಲ್ಲ. ಪಾಪ, ಆಕೆಗೆ ಬಸ್ಸಿನಿಂದಲೇ ಹೊಟ್ಟೆ ತೊಳಸುತ್ತಿತ್ತು. ಕರವಸ್ತ್ರ ಬಾಯಿಗೆ ಒತ್ತಿ ಕೂತಿದ್ದಳು. ಆ ಮೌನ ಮಕೋಖಾನ ಬೆನ್ನಿಗೆ ಕಾದ ಕಾವಲಿಯಂತೆ ತಾಗುತ್ತಿತ್ತು. 'ಗಾಂಭೀರ್ಯ ಅಂದ್ರೆ ಇದು. ಸಂಪ್ರದಾಯ ಬಿಟ್ಟು ಒಂದು ಉಸಿರೂ ಹೊರಗೆ ಬಿಡಲ್ಲ ನಮ್ಮತ್ತೆ,' ಎಂದುಕೊಂಡ.

ಕೆರೆಯ ದಂಡೆಯಲ್ಲಿ ಘೇಂಡಾಮೃಗ ಸಿಕ್ಕಿತು. ಮಕೋಖಾ ಮುಂದಿನ ಗಾಜಿಗೆ ಮುಖ ಅಂಟಿಸಿ ಹೇಳಿದ: "ಅಧ್ಯಕ್ಷಮ್ಮಾ, ಬಲಗಡೆ ಘೇಂಡಾಮೃಗ ಇದೆ ಅಂತ ಕೊನೇ ಸೀಟಿನವರಿಗೆ ದಯವಿಟ್ಟು ತಿಳಿಸಿ."

"ಯಾಕೆ, ನೀನೇ ಹೇಳಿದ್ರೆ ನಾಲಿಗೆ ಸವೆಯುತ್ತಾ? ಅವಳಿಗೇನು ಕಿವಿ ಇಲ್ವಾ?"

ಈ ವಿಚಾರ ಇತ್ಯರ್ಥವಾಗುವಷ್ಟರಲ್ಲಿ ಘೇಂಡಾಮೃಗ ಬೇಸತ್ತು ಪೊದೆಯೊಳಗೆ ಹೋಗಿತ್ತು.

ಇತ್ತ ಕಿಪ್ಸಾಂಗನ ಹೊಟ್ಟೆಯಲ್ಲಿ ಗುಟ್ಟು ನಿಂತೀತೇ? ಚಿರತೆ ಕಂಡವನು ರೇಡಿಯೋದಲ್ಲಿ ಉಳಿದ ಚಾಲಕರಿಗೆ ತಿಳಿಸಬೇಕು ಎನ್ನುವುದು ಅವರೊಳಗಿನ ಕಟ್ಟುಪಾಡು. ಚಿರತೆಗೇ ಅಷ್ಟು ಮರ್ಯಾದೆಯಾದರೆ ಇದಕ್ಕೆಷ್ಟಿರಬೇಡ? "ಎಲ್ಲರೂ ಕೇಳ್ರಪ್ಪೋ! ಕೆರೆ ದಂಡೆ, ಹಳದಿ ಜಾಲಿಮರದ ಹತ್ತಿರ, ಜಿರಾಫೆ ಗಾಡೀಲಿ ಬುಕುಸು ಅತ್ತೆ ಕಾಣಿಸ್ಕೊಂಡಿದೆ. ಜೊತೇಲಿ ಅಳಿಯನೂ ಇದಾನೆ! ಇಬ್ಬರನ್ನೂ ಒಟ್ಟಿಗೆ ನೋಡಿದವರು ಈ ದೇಶದಲ್ಲೇ ಇಲ್ಲ!"

ಹತ್ತು ನಿಮಿಷದಲ್ಲಿ ಧೂಳೆಬ್ಬಿಸಿಕೊಂಡು ಒಂಬತ್ತು ವ್ಯಾನು ಬಂದು ಮಕೋಖಾನ ಗಾಡಿಯನ್ನು ಸುತ್ತುವರಿದವು. ಚಾಲಕರು ಕತ್ತು ಉದ್ದ ಮಾಡಿದರು. ಅವರು ನೋಡುತ್ತಾರೆಂದು ವಿದೇಶಿಯರೂ ಕೊನೆಯ ಸೀಟಿಗೆ ಮೊಳದುದ್ದದ ಕ್ಯಾಮೆರಾ ಗುರಿಯಿಟ್ಟು ಟಿಕ್ ಟಿಕ್ ಎನ್ನಿಸತೊಡಗಿದರು.

"ಇವರೆಲ್ಲಾ ಏನು ನೋಡ್ತಿದಾರೆ?" ಒಬ್ಬಳು ಕೇಳಿದಳು.

"ನಮ್ಮ ಗಾಡಿ ಕೆಳಗೇ ಏನೋ ಇದೆ ಕಣ್ರೇ!" ಇನ್ನೊಬ್ಬಳು ಚೀರಿದಳು.

ಎಂಟೂ ಹೆಂಗಸರು ಕಾಲೆತ್ತಿ ಸೀಟಿನ ಮೇಲಿಟ್ಟುಕೊಂಡು ದೇವರ ಹಾಡು ಶುರುಮಾಡಿದರು. ಮಕೋಖಾಗೆ ವಿಷಯ ಹೊಳೆದು, ಕಿಪ್ಸಾಂಗನ ಏಳು ತಲೆಮಾರಿಗೆ ಶಾಪ ಹಾಕುತ್ತ ವ್ಯಾನನ್ನು ಕಿತ್ತುಕೊಂಡು ಓಡಿದ.

ಮಧ್ಯಾಹ್ನ ಬಬೂನ್ ಬಂಡೆಯ ಮೇಲೆ ಬುತ್ತಿ ಬಿಚ್ಚಿದರು. ಇಳಿದು ಕೂರಲು ಅಲ್ಲಿ ಅಪ್ಪಣೆಯಿತ್ತು. ಮಕೋಖಾ ದೂರ ಹೋಗಿ ಇನ್ನೊಂದು ಬಂಡೆಯ ಕಡೆ ಮುಖ ಮಾಡಿ ನಿಂತ.

"ಶಾಲೇಲಿ ಶಿಕ್ಷೆ ಕೊಟ್ಟ ಹಾಗೆ ಯಾಕೋ ನಿಂತಿದೀಯಾ?" ಅಧ್ಯಕ್ಷಮ್ಮ ಕೋಳಿ ಸಾರಿನ ಡಬ್ಬಿ, ಉಗಾಲಿ ಮುದ್ದೆ ಹಿಡಿದು ಅಲ್ಲಿಗೇ ಬಂದರು. "ತಗೋ, ತಿನ್ನು."

ಮಕೋಖಾ ಓರೆಗಣ್ಣಿನಲ್ಲಿ ನೆಲ ಹುಡುಕಿದ. ನೀಲಿ ಶೂಗಳು ವ್ಯಾನಿನ ಆಚೆ ಬದಿಯ ನೆರಳಿನಲ್ಲಿ ಚಾಚಿಕೊಂಡು ಮಲಗಿದ್ದವು. ತಿನ್ನುವುದು ಆ ಕಡೆಗೆ ಕಾಣದು. ಮಾತು ಬೇಕಾದರೆ ಕೇಳಿಸೀತು. ಮೂಗಿನ ಬಟ್ಟೆ ಇಳಿಸಿ ಕೂತ. ಅಧ್ಯಕ್ಷಮ್ಮ ಡಬ್ಬಿಯಲ್ಲಿ ಕೈಯಾಡಿಸಿ, ಕೋಳಿ ಕಾಳು ಅರೆಯುವ ಆ ಗಟ್ಟಿ ಚೀಲವನ್ನೇ ಹುಡುಕಿ ಅವನ ಬಾಯಿಗಿಟ್ಟರು. ಮನೆಯ ಯಜಮಾನನಿಗೋ ಬಂದ ಅಳಿಯನಿಗೋ ಅಲ್ಲದೆ ಬೇರೆಯವರಿಗೆ ಸಲ್ಲದ ತುಂಡು ಅದು.

"ನನ್ನ ಅಳಿಯನಿಗೆ ಅಂತ ಎತ್ತಿಡ್ಬೇಕಾದ್ದು. ಆ ಸೋಮಾರಿಗೆ ಕೊಡೋದಕ್ಕಿಂತ ನಿನಗೆ ಕೊಡೋದು ಮೇಲು."

"ಏನು ಮಾಡ್ತಾನಮ್ಮ ಅಳಿಯ?"

"ಏನೋ ಪ್ರಾಣಿ ನೋಡ್ಕೊಳ್ಳೋ ಕೆಲಸವಂತೆ. ಹಸು ಕಾಯ್ತಾನೋ, ಕತ್ತೆ ಕಾಯ್ತಾನೋ. ಮಳೆ ಹಿಡಿದ್ರೆ ಅದೂ ಇಲ್ಲ, ತಿಂಗಳುಗಟ್ಟಲೆ ಮನೇಲೇ ಬಿದ್ದಿರ್ತಾನೆ. ಮೊನ್ನೆ ಮನೆಗೆ ಬೆಂಕಿ ಹತ್ಕೊಂಡಿತಂತೆ! ನನ್ನ ಮಗಳು 'ಬನ್ರೀ, ಬನ್ರೀ' ಅಂತ ಕೂಗ್ತಿದ್ರೆ, ಈ ಮಹಾರಾಯ ಹಿತ್ತಲಲ್ಲಿ ಕೂತು ಹದ್ದು ನೋಡ್ತಿದ್ನಂತೆ."

"ಮನೆ ಸುಟ್ರೂ ಏಳ್ಲಿಲ್ವಾ? ಥೂ! ಅವನೂ ಒಬ್ಬ ಗಂಡಸಾ?"

"ಬರ್ತೀನಿ ಅಂತ ಹೇಳಿ ಕಳಿಸಿದಾನಪ್ಪ. ಹೋಗ್ಲಿ ಪಾಪ, ಮಗಳನ್ನ ಕಳಿಸಿಬಿಡೋಣ ಅಂತಿದೀನಿ."

ಮಕೋಖಾನ ತಲೆಯಲ್ಲಿ ದೀಪ ಹತ್ತಿತು. ಹೆಂಡತಿಯ ಮರ್ಯಾದೆ ಕಾಯುವ ವಿಷಯದಲ್ಲಿ ತಾನೆಷ್ಟು ಕಟ್ಟುನಿಟ್ಟು ಎಂಬುದು ವ್ಯಾನಿನ ಆಚೆ ಬದಿಗೂ ಕೇಳಿಸಲಿ ಎಂದು ದನಿ ಏರಿಸಿದ.

"ಕಳಿಸೋದಾ? ಎಂಥ ತಪ್ಪು ಮಾಡ್ತೀರಮ್ಮಾ! ಇಂಥವರನ್ನ ಸುಲಭಕ್ಕೆ ಬಿಡಬಾರ್ದು. ಮಳೆಗಾಲದವರೆಗೂ ಕಾಯಿಸಿ. ಆಮೇಲೆ ಹೆಗಲ ಮೇಲೆ ಒಂದು ಹೋತ ಹೊತ್ಕೊಂಡು ಬರ್ಲಿ. ಬಸ್ ನಿಲ್ಲೋ ಜಾಗದಿಂದ ನಿಮ್ಮನೆ ಎಷ್ಟು ದೂರ?"

"ಎರಡು ಮೈಲಿ. ಪೂರ್ತಿ ಏರು."

"ನಮ್ಮತ್ತೆ ಮನೇನೂ ಹಾಗೇನೇ. ಅತ್ತೆ ಮನೆಗಳೆಲ್ಲಾ ಯಾಕೋ ಏರಲ್ಲೇ ಇರ್ತವೆ. ಒಳ್ಳೇದೇ ಆಯ್ತು ಬಿಡಿ. ಆ ಕೆಸರಲ್ಲಿ ಜಾರ್ಕೊಂಡು, ಬಿದ್ಕೊಂಡು ಹತ್ತಲಿ. ಹತ್ತಿ ಬಂದು ಚರ್ಚಿನ ಬಾಗಿಲಲ್ಲಿ ನಿಂತು, ಎಲ್ಲರೆದುರಿಗೂ 'ನಾನು ಕತ್ತೆ' ಅಂತ ಮೂರು ಸಲ ಹೇಳ್ಲಿ!"

ಅಧ್ಯಕ್ಷಮ್ಮನ ಕಣ್ಣು ತುಂಬಿ ಬಂತು. "ಎಂಥ ತಿಳಿವಳಿಕೆ ನಿಂದು! ನಿನ್ನಂಥ ಅಳಿಯನ್ನ ಪಡೆಯೋಕೆ ಪುಣ್ಯ ಮಾಡಿರ್ಬೇಕು." ಅಷ್ಟರಲ್ಲಿ ಒಂದು ಬಬೂನು ಕೋತಿ ಬಂದು ಉಗಾಲಿ ಮುದ್ದೆಯನ್ನು ತನ್ನದೇ ಎಂಬಂತೆ ಎತ್ತಿಕೊಂಡು ಹೋಯಿತು.

ವಾಪಸು ಬರುವ ದಾರಿಯಲ್ಲಿ ಒಂಟಿ ಕಾಡೆಮ್ಮೆಯೊಂದು ಎದುರಾಗಿ ಕೊಂಬು ತಗ್ಗಿಸಿತು. ಗಾಡಿ ಹಿಂದಕ್ಕೆ ತಗೊಳ್ಳಬೇಕು. ಕನ್ನಡಿಯಲ್ಲಿ ನೋಡಿದರೆ ಚಾವಣಿ. ತಿರುಗಿ ನೋಡಿದರೆ ಅತ್ತೆ.

"ಅಧ್ಯಕ್ಷಮ್ಮಾ, ನೀವೇ ಹಿಂದೆ ನೋಡಿ ಹೇಳಿ!"

"ಬಾ... ಬಾ... ಬಾ... ಬರ್ಲಿ ಬರ್ಲಿ... ಇನ್ನೂ ಬಾ... ಅಯ್ಯೋ, ಬಂದ್ಬಿಟ್ಟೆ!"

ಹಿಂದಿನ ಚಕ್ರಗಳೆರಡೂ ಕೆಸರಿನ ಗುಂಡಿಯೊಳಗೆ ಕೂತವು. ಕಾಡೆಮ್ಮೆ ಆ ನೋಟವನ್ನು ಸ್ವಲ್ಪ ಹೊತ್ತು ಸವಿದು ತನ್ನ ದಾರಿ ಹಿಡಿಯಿತು. ಅರಣ್ಯ ರಕ್ಷಕ ಬಂದು, ಭಾರ ಇಳಿಸದೆ ಗಾಡಿ ಏಳುವುದಿಲ್ಲ ಎಂದ. ಮಕೋಖಾ ಹೆಂಗಸರನ್ನು ಕೈ ಹಿಡಿದು ದಾಟಿಸಿದ. ಕೈ ಹಿಡಿದರೆ ಸಾಲದಾದ ಅಧ್ಯಕ್ಷಮ್ಮನನ್ನು ಬೆನ್ನ ಮೇಲೆ ಹೊತ್ತ. ಮೊಣಕಾಲವರೆಗೆ ಹೂತುಹೋದ. ಮೇಲಿನಿಂದ ಅವರು ಅವನ ತಲೆ ಸವರುತ್ತಿದ್ದರು: "ನನ್ನ ಅಳಿಯ ಹೀಗೆ ಹೊರ್ತಿದ್ನಾ? ನನ್ನ ನೆರಳು ಕಂಡ್ರೂ ಓಡ್ತಾನೆ, ಹೇಡಿ!"

"ಅವನ ಹೆಸರೆತ್ತಬೇಡೀಮ್ಮ," ಎಂದು ಮಕೋಖಾ ಏದುಸಿರು ಬಿಟ್ಟ.

ವ್ಯಾನಿನಲ್ಲಿ ನೀಲಿ ಶೂ ಒಂದೇ ಉಳಿಯಿತು. ಮುಟ್ಟುವಂತಿಲ್ಲವಲ್ಲ! ಮಕೋಖಾ ಆಕಾಶದ ರಣಹದ್ದುಗಳನ್ನು ಎಣಿಸುತ್ತ ನಿಂತ. ಆಕೆ ಹಲ್ಲು ಕಡಿಯುತ್ತ ತಾನೇ ಇಳಿದು ಪಚಪಚನೆ ಕೆಸರು ತುಳಿದು ಬಂದಳು.

ಆ ಕೆಸರು ಗೇಟಿನಲ್ಲಿ ಸಿಡಿಯಿತು. ಅಲ್ಲಿ ಕಿಪ್ಸಾಂಗನ ಸಮೇತ ಒಂಬತ್ತೂ ಚಾಲಕರು ತಮಾಷೆ ನೋಡಲು ಕಾದು ನಿಂತಿದ್ದರು. ವ್ಯಾನು ನಿಂತದ್ದೇ ತಡ, ನೀಲಿ ಶೂ ಧುಮುಕಿ ಸೊಂಟಕ್ಕೆ ಕೈಯಿಟ್ಟಳು.

"ಬೆಳಿಗ್ಗೆಯಿಂದ ನೋಡ್ತಿದೀನಿ! ಎಲ್ಲರಿಗೂ ಘೇಂಡಾಮೃಗ ತೋರಿಸ್ದ, ನನಗೆ ಬೆನ್ನು ತೋರಿಸ್ದ! ಎಲ್ಲರ ಕೈ ಹಿಡ್ಕೊಂಡ, ನನ್ನನ್ನ ಕೆಸರಲ್ಲಿ ಬಿಟ್ಟ! ನನ್ನ ಮುಖಕ್ಕೇನು ಸಿಡುಬಾಗಿದೆಯಾ? ತಿರುಗಿ ನೋಡೋ ಒಂದ್ಸಲ!"

ಮಕೋಖಾ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡ. "ಬೇಡೀಮ್ಮಾ! ಹಿರಿಯರ ಕಟ್ಟು ಮುರಿಸಬೇಡಿ! ನೀವು ನಮ್ಮತ್ತೆ! ನಾನು ಮಕೋಖಾ, ನಿಮ್ಮ ನಲಿಯಾಕಾಳ ಗಂಡ!"



"ನಾನಾ? ನಾನು ರೊಬಾಯ್ ಕಣೋ!" ಎಂದಳು ಆಕೆ. "ನನಗೆಲ್ಲಿಂದ ಬಂದ್ಳೋ ಮಗಳು? ಇರೋ ನಾಲ್ಕೂ ಗಂಡು!"

"ಮತ್ತೆ... ಈ ಶೂ?"

"ಶೂ ನಂದಲ್ಲ. ಅಳಿಯ ಕಳಿಸಿದ್ದು ಬೆರಳು ಕಚ್ಚುತ್ತೆ ಅಂತ ಅಧ್ಯಕ್ಷಮ್ಮ ಬಸ್ಸಲ್ಲಿ ನನಗೆ ಕೊಟ್ಟು, ನನ್ನ ಚಪ್ಪಲಿ ಹಾಕ್ಕೊಂಡ್ರು."

ಮಕೋಖಾ ಕೈ ತೆಗೆದು, ಆರು ವರ್ಷದ ಅಭ್ಯಾಸದಂತೆ ಮೊದಲು ನೆಲ ನೋಡಿದ. ಹಳೇ ಚಪ್ಪಲಿಯೊಳಗೆ ಎರಡು ಅಗಲ ಪಾದ. ಎಲ್ಲೋ ನೋಡಿದ ಪಾದಗಳು. ಕಣ್ಣು ಮೇಲೇರುವಷ್ಟರಲ್ಲಿ, ಚಿರತೆ ಹುಲ್ಲಿನೊಳಗೆ ಮರೆಯಾಗುವ ಹಾಗೆ ಅಧ್ಯಕ್ಷಮ್ಮ ಶಾಲಿನೊಳಗೆ ಮರೆಯಾಗಿದ್ದರು.

ಶಾಲಿನೊಳಗಿಂದ ಪಿಸುಮಾತು ಹೊರಟಿತು. ಬಾಗಿಲ ಹಿಂದಿನದೇ ಪಿಸುಮಾತು. "ರೊಬಾಯ್, ಆ ಮನುಷ್ಯನಿಗೆ ಹೇಳು. ನಾಳೆ ಬರೋದು ಬೇಡ."

"ರೊಬಾಯಮ್ಮಾ, ಅವರಿಗೆ ಹೇಳಿ," ಮಕೋಖಾ ಅಳುಮೋರೆ ಮಾಡಿಕೊಂಡು ಬೇಲಿಗೆ ಮುಖ ತಿರುಗಿಸಿದ. "ಮನೆ ಸುಟ್ಟಿಲ್ಲ, ಉಕ್ಕಿದ್ದು ಒಂದು ಪಾತ್ರೆ ಹಾಲು ಮಾತ್ರ! ಆ ಶಿಕ್ಷೆ ಹೇಳಿದ್ದು ಬೇರೆ ಯಾರಿಗೋ!"

"ಅವನಿಗೆ ಹೇಳು ರೊಬಾಯ್. ಊಟಕ್ಕೆ ಕೂತಾಗ ಒಬ್ಬ ಬುದ್ಧಿವಂತ ಹುಡುಗ ತೀರ್ಪು ಕೊಟ್ಟಿದಾನೆ. ಅದರಲ್ಲಿ ಒಂದಕ್ಷರ ಕಮ್ಮಿ ಆಗಲ್ಲ. ಮಳೆಗಾಲಕ್ಕೇ ಬರ್ಲಿ. ಚರ್ಚಿನ ಬಾಗಿಲಲ್ಲಿ ಮೂರು ಸಲ."

ಕಿಪ್ಸಾಂಗ್ ನಗು ತಡೆಯಲಾರದೆ ತನ್ನ ವ್ಯಾನಿನ ಚಕ್ರವನ್ನು ತಬ್ಬಿಕೊಂಡು ಕೂತಿದ್ದ.

ಬಸ್ಸಿನ ಕಡೆಗೆ ಹೊರಟ ಶಾಲು ನಾಲ್ಕು ಹೆಜ್ಜೆ ಹೋಗಿ ಮತ್ತೆ ನಿಂತಿತು.

"ಇನ್ನೊಂದು ಮಾತು ಹೇಳು ರೊಬಾಯ್. ಶೂ ಒಂದು ಅಳತೆ ದೊಡ್ಡದು ತರ್ಲಿ. ಹೋತವನ್ನ ಮಾತ್ರ ನೋಡಿ ಆರಿಸ್ಲಿ. ಆನೆ ಅಂತೂ ತೋರಿಸ್ಲಿಲ್ಲ. ಹೋತವನ್ನಾದ್ರೂ ಆನೆ ಗಾತ್ರದ್ದು ಹೊತ್ಕೊಂಡು ಬರ್ಲಿ."