ನಕ್ಷೆರಾಯನ ಬೆಟ್ಟದ ಗಾಡಿ

ಗಾಡಿಯ ಮುಂಭಾಗಕ್ಕೆ ಒಂದು ಕೊಕ್ಕೆ ಸಿಕ್ಕಿಸಬೇಕಿತ್ತು, ಅಷ್ಟೇ. ಕೊಕ್ಕೆ ಗಾಡಿಯ ಜೊತೆಗೇ ಬಂದಿತ್ತು, ಬೋಲ್ಟೂ ಬಂದಿತ್ತು, ಅದು ಕೂರುವ ತೂತೂ ಇತ್ತು. ಇಲ್ಲದ್ದು ಸ್ಪ್ಯಾನರ್ ಒಂದೇ. ಬೆಳಗಾಗುತ್ತಲೇ ನಕ್ಷೆರಾಯ ಅದನ್ನು ಕೇಳಲು ಪಕ್ಕದ ಮನೆಗೆ ಹೋದ. ಸುಮ್ಮನಿರಲಾರದೆ ಇರುವೆ ಬಿಟ್ಟುಕೊಳ್ಳುವುದು ಎಂದರೆ ಇದೇ.

ನಕ್ಷೆರಾಯ ಎಂಬುದು ಬೀದಿಯವರು ಇಟ್ಟ ಹೆಸರು. ಅವನು ಭೂಮಾಪನ ಕಚೇರಿಯಲ್ಲಿ, ಬೇರೆಯವರು ಅಳೆದು ತಂದ ಲೆಕ್ಕ ನೋಡಿ ನಕ್ಷೆ ಬರೆಯುವವನು. ಊರ ಹಿಂದಿನ ಬೋಳುಬೆಟ್ಟವನ್ನು ಎಷ್ಟು ಸಲ ಬರೆದಿದ್ದನೋ ಅವನಿಗೇ ನೆನಪಿಲ್ಲ. ಒಂದರೊಳಗೊಂದು ಸುತ್ತುವ ಅದರ ಎತ್ತರದ ಗೆರೆಗಳನ್ನು ಕಣ್ಣು ಮುಚ್ಚಿಕೊಂಡು ಎಳೆಯಬಲ್ಲ. ಆದರೆ ಆ ಬೆಟ್ಟದ ನೆತ್ತಿಯ ಮೇಲೆ ಒಂದು ಸಲವೂ ಕಾಲಿಟ್ಟವನಲ್ಲ. ನಡೆದು ಹತ್ತೋಣವೆಂದರೆ ಮಂಡಿ ಒಪ್ಪುತ್ತಿರಲಿಲ್ಲ. ಮಂಡಿ ಒಪ್ಪಿದರೂ ಬೇಲಿ ಬಿಡುತ್ತಿರಲಿಲ್ಲ. ಹಳೆಯ ಕಲ್ಲುಗಣಿಯ ಜಾಗವೆಂದು ಸುತ್ತ ತಂತಿ ಬಿಗಿದು ಗೇಟಿಗೆ ಬೀಗ ಜಡಿದಿದ್ದರು. ಆ ಬೀಗ ತೆಗೆಯುತ್ತಿದ್ದದ್ದು ವರ್ಷಕ್ಕೊಂದೇ ದಿನ, ಬೆಟ್ಟಗಾಡಿ ಸಂಘದವರು ತಮ್ಮ ಗಾಡಿಗಳನ್ನು ಹತ್ತಿಸುವ ದಿನ.

ಆ ದಿನ ಇವತ್ತೇ. ಇದಕ್ಕೆಂದೇ ನಕ್ಷೆರಾಯ ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹರಿಯುವ ಹೊಸ ಗಾಡಿ ಕೊಂಡಿದ್ದ. ಚೆಲುವಾದ ಗಾಡಿ. ಹುಲ್ಲಿನ ಬಣ್ಣ, ಚೌಕದ ಮುಖ, ಯಾರಿಗೂ ಹೆದರದ ನಿಲುವು. ಮಧ್ಯಾಹ್ನ ಸಂಘದ ಅಧ್ಯಕ್ಷರು ಬೆಟ್ಟದ ಬುಡದಲ್ಲಿ ಗಾಡಿಗಳನ್ನು ಪರೀಕ್ಷಿಸಿ ಮೇಲಕ್ಕೆ ಬಿಡುತ್ತಾರೆ. ಅವರು ಕೇಳಿದ್ದು ಹೆಚ್ಚೇನಲ್ಲ. ಬ್ರೇಕು ಸರಿಯಿರಬೇಕು, ಸಿಕ್ಕಿಬಿದ್ದರೆ ಎಳೆಯಲು ಮುಂದೊಂದು ಕೊಕ್ಕೆ ಇರಬೇಕು.

ಪಕ್ಕದ ಮನೆಯ ಬಾಯ್ಲರ್ ಮಾಮ ಕಾರ್ಖಾನೆಯಲ್ಲಿ ಬಾಯ್ಲರ್ ನೋಡಿಕೊಂಡು ನಿವೃತ್ತರಾದವರು. ಅವರ ಕೈಗೆ ಸಿಕ್ಕಿದ ಕಬ್ಬಿಣ ಹೇಳಿದ ಮಾತು ಕೇಳುತ್ತಿತ್ತು. ಹೇಳಿದ ಮಾತು ಕೇಳದಿದ್ದದ್ದು ಅವರ ಕೈಗಳೇ. ನಿವೃತ್ತಿಯಾದ ಮೇಲೂ ಸುಮ್ಮನೆ ಮಡಿಲಲ್ಲಿ ಕೂರಲು ಒಪ್ಪುತ್ತಿರಲಿಲ್ಲ. ಅಂಥವರ ಬಾಗಿಲಿಗೆ ಹೋಗಿ ನಕ್ಷೆರಾಯ ಸ್ಪ್ಯಾನರ್ ಕೇಳಿದ. ಮಾಮ ಸ್ಪ್ಯಾನರ್ ತಂದರು, ಅದರ ಪೆಟ್ಟಿಗೆಯನ್ನೂ ತಂದರು, ಹಿಂದೆಯೇ ಬೆಸುಗೆ ಹಾಕುವ ಯಂತ್ರವನ್ನೂ ಉರುಳಿಸಿಕೊಂಡು ಬಂದರು.

ಕೊಕ್ಕೆ ಹಾಕುವ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯಿತು. ಮಾಮ ಹಿಂದೆ ಸರಿದು ನಿಂತು ಅದನ್ನೇ ನೋಡಿದರು.

"ಕೊಕ್ಕೆ ಇರೋದು ಬೇರೆಯವರು ನಿನ್ನ ಎಳೀಲಿ ಅಂತ. ಬೇರೆಯವರು ಇಲ್ದೇ ಇದ್ರೆ ಏನಪ್ಪಾ ಮಾಡ್ತೀಯ?"

ಇದಕ್ಕೆ ಉತ್ತರ ಮಾಮನ ಶೆಡ್ಡಿನಲ್ಲಿ ಇತ್ತು. ಕಾರ್ಖಾನೆಯವರು ಗುಜರಿಗೆ ಹಾಕಿದ್ದ ಒಂದು ವಿಂಚನ್ನು ಅವರು ತಂದು, ಬಿಚ್ಚಿ, ಎಣ್ಣೆ ಕುಡಿಸಿ, ಹಳೆಯ ಕಂಬಳಿ ಹೊದಿಸಿ ಇಟ್ಟಿದ್ದರು. ಮೋಟಾರು ತಿರುಗಿದರೆ ಉಕ್ಕಿನ ಹಗ್ಗವನ್ನು ಸುತ್ತಿಕೊಳ್ಳುತ್ತಾ ಎದುರಿಗಿದ್ದದ್ದನ್ನು ಎಳೆಯುವ ರಾಟೆ ಅದು. ಹಗ್ಗವನ್ನು ಮರಕ್ಕೆ ಕಟ್ಟಿದರೆ ಗಾಡಿ ತನ್ನನ್ನು ತಾನೇ ಎಳೆದುಕೊಂಡು ಕೆಸರಿನಿಂದ ಮೇಲೆ ಬರುತ್ತದೆ. ಬೇಡವೆನ್ನಲು ನಕ್ಷೆರಾಯ ಬಾಯಿ ತೆರೆಯುವುದರೊಳಗೆ ಬೆಸುಗೆಯ ಕಿಡಿ ಹಾರತೊಡಗಿತ್ತು. ನಿಜ ಹೇಳಬೇಕೆಂದರೆ ಅಂಥ ಬೆಸುಗೆಯನ್ನು ನೋಡುವುದೇ ಒಂದು ಸುಖ. ಸೂಜಿಯಲ್ಲಿ ಹೊಲಿದ ಹಾಗೆ ನೇರ, ಒಂದು ಹನಿ ಹೆಚ್ಚಿಲ್ಲ, ಒಂದು ಹನಿ ಕಡಿಮೆಯಿಲ್ಲ.

ವಿಂಚ್ ಕೂತ ಕೂಡಲೇ ಗಾಡಿಯ ಮೂತಿ ನೆಲದ ಕಡೆ ಬಾಗಿತು. ಮೂಗಿಗಿಂತ ಮೂಗುತಿ ಭಾರ ಎಂದು ಒಳಗಿನಿಂದ ಹೆಂಡತಿ ನಕ್ಕಳು. ಮಾಮನಿಗೆ ನಗು ಬರಲಿಲ್ಲ. ಮೂತಿ ಬಾಗಿದರೆ ಚಕ್ರದ ಮೇಲಿನ ಸ್ಪ್ರಿಂಗು ಎತ್ತಿ ಗಾಡಿಯನ್ನು ಎತ್ತರಿಸಬೇಕು ಎಂದು ಕೆಲಸಕ್ಕೆ ಇಳಿದರು.

ಅದೇ ಹೊತ್ತಿಗೆ ಭಾವಮೈದ ಬಂದ. ಹೆಂಡತಿಯ ತಮ್ಮ, ಟೈರಿನ ಅಂಗಡಿಯಲ್ಲಿ ಕೆಲಸ. ಮೊಬೈಲಿನಲ್ಲಿ ಗಾಡಿಗಳು ಬೆಟ್ಟ ಹತ್ತುವ ವಿಡಿಯೋಗಳನ್ನು ನೋಡಿ ನೋಡಿ, ಹೊಳೆ ದಾಟಿಸುವುದು ಹೇಗೆ, ಮರಳಿನಿಂದ ತೆಗೆಯುವುದು ಹೇಗೆ ಎಂಬುದೆಲ್ಲ ಅವನಿಗೆ ಬಾಯಿಪಾಠವಾಗಿತ್ತು. ಗಾಡಿ ಓಡಿಸಲು ಮಾತ್ರ ಬರುತ್ತಿರಲಿಲ್ಲ. ಅವನು ಗಾಡಿಯನ್ನೊಮ್ಮೆ ಸುತ್ತಿ, "ಭಾವ, ಸ್ಪ್ರಿಂಗ್ ಎತ್ತಿದ ಮೇಲೆ ಈ ಟೈರು ಆನೆ ಕಾಲಿಗೆ ಮಗು ಚಪ್ಪಲಿ ಹಾಕ್ದಂಗಿರುತ್ತೆ" ಎಂದು ಹೇಳಿ ಅಂಗಡಿಗೆ ಓಡಿದ.

ಆಮೇಲೆ ನಡೆದದ್ದನ್ನು ತಪ್ಪು ಎನ್ನಲು ಬರುವುದಿಲ್ಲ. ಪ್ರತಿಯೊಂದಕ್ಕೂ ಕಾರಣವಿತ್ತು. ದೊಡ್ಡ ಟೈರು ಬಂತು, ಆದ್ದರಿಂದ ಹೆಚ್ಚುವರಿ ಟೈರು ಹಿಂಬಾಗಿಲಲ್ಲಿ ಕೂರಲಿಲ್ಲ. ಅದನ್ನು ಇಡಲು ಮಾಮ ಚಾವಣಿಯ ಮೇಲೆ ಕಬ್ಬಿಣದ ತಟ್ಟೆ ಕಟ್ಟಿದರು. ಕಲ್ಲಿನ ಮೇಲೆ ಹತ್ತುವಾಗ ಟೈರಿನ ಗಾಳಿ ಇಳಿಸಬೇಕು ಎಂದ ಭಾವಮೈದ. ಇಳಿಸಿದ ಗಾಳಿಯನ್ನು ಮತ್ತೆ ತುಂಬಲು ಕಂಪ್ರೆಸರ್ ಬೇಕಾಯಿತು, ಕಂಪ್ರೆಸರಿಗೆ ಎರಡನೇ ಬ್ಯಾಟರಿ ಬೇಕಾಯಿತು, ಬ್ಯಾಟರಿಗೆ ಜಾಗ ಬೇಕಾಗಿ ಹಿಂದಿನ ಸೀಟು ಮನೆಯೊಳಗೆ ಹೋಯಿತು. ನೀರಿಗಿಳಿದರೆ ಎಂಜಿನ್ನಿಗೆ ಉಸಿರು ಕಟ್ಟಬಾರದೆಂದು ಮಾಮ ಒಂದು ಕೊಳವೆಯನ್ನು ಬಾಗಿಸಿ ಚಾವಣಿಯವರೆಗೆ ಏರಿಸಿದರು. ಬೆಟ್ಟದಲ್ಲಿ ನೀರಿಲ್ಲ, ನಕ್ಷೆಯಲ್ಲಿ ತಾನೇ ಬರೆದಿದ್ದೇನೆ ಎಂದು ನಕ್ಷೆರಾಯ ಹೇಳಿದ್ದು ಕಬ್ಬಿಣ ಉಜ್ಜುವ ಗ್ರೈಂಡರಿನ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ.

ಅವನಿಗೆ ಕೋಪವೂ ಬರುತ್ತಿರಲಿಲ್ಲ ಎನ್ನುವುದೇ ತಮಾಷೆ. ಒಂದೊಂದು ಸಾಮಾನು ಏರಿದಾಗಲೂ ಅವನ ಎದೆ ಒಂದಿಷ್ಟು ಉಬ್ಬುತ್ತಿತ್ತು. ಬೆಟ್ಟ ತನ್ನನ್ನು ಇನ್ನು ತಡೆಯಲಾರದು ಎಂದುಕೊಳ್ಳುತ್ತಿದ್ದ.

ವಿಂಚನ್ನು ಒಮ್ಮೆ ಪರೀಕ್ಷಿಸಬೇಕಲ್ಲ. ಬೀದಿಯಲ್ಲಿ ಮರವಿರಲಿಲ್ಲ. ಹಗ್ಗದ ತುದಿಯನ್ನು ಎದುರುಮನೆಯ ಗೇಟಿಗೆ ಸಿಕ್ಕಿಸಿ ಭಾವಮೈದ ಗುಂಡಿ ಒತ್ತಿದ. ಗಾಡಿ ಗೇಟಿನ ಕಡೆ ಬರಬೇಕಿತ್ತು. ಗಾಡಿ ಕದಲಲಿಲ್ಲ. ಗೇಟೇ ಕೀಲು ಕಿತ್ತುಕೊಂಡು ಅಂಗಾತ ಬಿದ್ದು, ಬೀದಿಗುಂಟ ಕರಕರ ತೆವಳುತ್ತಾ ಗಾಡಿಯ ಹತ್ತಿರ ಬಂತು. ಮಾಮನ ಮುಖದಲ್ಲಿ ಹೆಮ್ಮೆ ಉಕ್ಕಿತು.

ಎದುರುಮನೆ ನರ್ಸಮ್ಮನದು. ಆಸ್ಪತ್ರೆಯ ಅಪಘಾತ ವಿಭಾಗದಲ್ಲಿ ದೊಡ್ಡ ನರ್ಸ್. ಡಾಕ್ಟರುಗಳೇ ಅವರ ಎದುರು ದನಿ ತಗ್ಗಿಸುತ್ತಿದ್ದರಂತೆ. ಅವರು ಹೊರಗೆ ಬಂದು, ಗೇಟಿಲ್ಲದ ಗೋಡೆಯನ್ನೂ ಗೋಡೆಯಿಲ್ಲದ ಗೇಟನ್ನೂ ನೋಡಿದರು. ನಕ್ಷೆರಾಯ ಕೈ ಮುಗಿದು ನಿಂತ.

"ರಾಯ್ರೇ, ನನ್ನ ಗೇಟಿನ ಗತಿ ನೋಡಿದ್ರಾ? ನಿಮ್ಮ ಬೆನ್ನುಮೂಳೆಗೂ ಬೆಟ್ಟದಲ್ಲಿ ಇದೇ ಗತಿ. ಔಷಧಿ ಏನೇನು ಇಟ್ಕೊಂಡಿದ್ದೀರಿ?"

ಒಂದು ತಲೆನೋವಿನ ಮಾತ್ರೆಯೂ ಇರಲಿಲ್ಲ. ನರ್ಸಮ್ಮ ತಲೆ ಚಚ್ಚಿಕೊಂಡು ಒಳಗೆ ಹೋದರು. ಬರುವಾಗ ಬ್ಯಾಂಡೇಜು, ಮುರಿದ ಕಾಲಿಗೆ ಕಟ್ಟುವ ದಬ್ಬೆ, ಮಡಿಸುವ ಸ್ಟ್ರೆಚರು ಎಲ್ಲ ಬಂದವು. ಯಾವುದು ಎಲ್ಲಿರಬೇಕು, ಕತ್ತಲಲ್ಲೂ ಕೈಗೆ ಹೇಗೆ ಸಿಗಬೇಕು ಎಂದು ಅವರು ಅದನ್ನೆಲ್ಲ ಒಳಗೆ ಜೋಡಿಸಿದ ರೀತಿಗೆ ಮಾಮ ಕೂಡ ತಲೆದೂಗಿದರು. ಸ್ಟ್ರೆಚರಿಗೆ ಜಾಗ ಮಾಡಲು ಹೆಂಡತಿ ಕೂರಬೇಕಿದ್ದ ಮುಂದಿನ ಸೀಟೂ ಮನೆಯೊಳಗೆ ಹೋಯಿತು. ಕಿತ್ತುಬಂದ ಗೇಟನ್ನು ಮಾಮ ಗಾಡಿಯ ಮಗ್ಗುಲಿಗೆ ಬಿಗಿದರು. ಚಕ್ರ ಕೆಸರಲ್ಲಿ ಹೂತರೆ ಕೆಳಗೆ ಹಾಸಲು ಅದಕ್ಕಿಂತ ಒಳ್ಳೆಯದು ಇಲ್ಲವಂತೆ.

ಹೊರಡುವ ಹೊತ್ತಿಗೆ ಗಾಡಿಯ ಹುಲ್ಲಿನ ಬಣ್ಣ ಅಲ್ಲಲ್ಲಿ ಮಾತ್ರ ಕಾಣುತ್ತಿತ್ತು. ಆದರೂ ಏನು ಗಾಡಿ ಅದು! ಬೀದಿಯ ಕೊನೆಯವರೆಗೂ ಜನ ಕೆಲಸ ಬಿಟ್ಟು ಬಾಗಿಲಿಗೆ ಬಂದು ನಿಂತರು. ಕ್ಷೌರದ ಅಂಗಡಿಯಿಂದ ಅರ್ಧ ಮುಖ ನೊರೆಯವನೊಬ್ಬ ಹೊರಗೆ ಬಂದು ಸಲಾಮು ಹೊಡೆದ. ಮಾಮ, ಭಾವಮೈದ, ನರ್ಸಮ್ಮ, ಹೆಂಡತಿ ಎಲ್ಲರೂ ಹಿಂದೆ ಆಟೋದಲ್ಲಿ ಬಂದರು.

ಬೆಟ್ಟದ ಬುಡದಲ್ಲಿ ಗಾಡಿಗಳು ಸಾಲಾಗಿ ನಿಂತಿದ್ದವು. ಬೀಗ ತೆಗೆದ ಗೇಟಿನಾಚೆ ಕೆಂಪು ದಾರಿ ಬಳಸುತ್ತಾ ಮೇಲೇರಿತ್ತು. ಮೊದಲ ತಿರುವು, ಬಂಡೆಯ ಮಗ್ಗುಲು, ಕಡಿದಾದ ಏರು, ಎಲ್ಲವೂ ತಾನು ಬರೆದ ಹಾಗೆಯೇ ಇರುವುದನ್ನು ಕಂಡು ನಕ್ಷೆರಾಯನ ಕಣ್ಣುಗಳು ಒದ್ದೆಯಾದವು. ಜೊತೆಗೇ ಒಂದು ಅನುಮಾನ. ಇಷ್ಟು ಭಾರ ಹೊತ್ತದ್ದನ್ನು ಮೇಲೆ ಬಿಡುವುದಿಲ್ಲ ಎಂದುಬಿಟ್ಟರೆ? ಇನ್ನೊಂದು ವರ್ಷ ಕಾಯಬೇಕು.

ಅಧ್ಯಕ್ಷರು ದಪ್ಪ ಮೀಸೆಯವರು, ಮಾತು ಕಡಿಮೆ. ಬೇರೆ ಗಾಡಿಗಳ ಕೊಕ್ಕೆಯನ್ನು ಕಾಲಿನಿಂದ ಒದ್ದು ನೋಡಿ, ಸರಿ ಹೋಗಿ ಎನ್ನುತ್ತಿದ್ದರು. ನಕ್ಷೆರಾಯನ ಗಾಡಿಯ ಮುಂದೆ ನಿಂತವರು ಅಲ್ಲಿಂದ ಕದಲಲೇ ಇಲ್ಲ. ವಿಂಚಿನ ಬೆಸುಗೆಯ ಮೇಲೆ ಬೆರಳಾಡಿಸಿದರು. ಕೊಳವೆಗೆ ಕಿವಿಕೊಟ್ಟರು. ಗೇಟನ್ನು ತಟ್ಟಿದರು. ಒಳಗೆ ಬಗ್ಗಿ ಬ್ಯಾಂಡೇಜಿನ ಸಾಲು, ದಬ್ಬೆ, ಸ್ಟ್ರೆಚರು ನೋಡಿ ಬಹಳ ಹೊತ್ತು ಬಗ್ಗಿಯೇ ಇದ್ದರು. ಕೊನೆಗೆ ಎದ್ದು ಟೋಪಿ ತೆಗೆದರು.

"ಈ ಸಂಘ ಶುರುವಾದಾಗಿನಿಂದ ಇಂಥಾ ಗಾಡಿ ಬಂದಿಲ್ಲ. ಯಾರು ಮಾಡಿದ್ದು ಇದನ್ನ?"

ಮಾಮ ನಾಚಿಕೊಂಡರು. ಎಲ್ಲರೂ ಚಪ್ಪಾಳೆ ತಟ್ಟಿದರು. ಅಧ್ಯಕ್ಷರು ತಮ್ಮ ಕೈಯಾರೆ ಕಿತ್ತಳೆ ಬಣ್ಣದ ಬಾವುಟವೊಂದನ್ನು ತಂದು ಗಾಡಿಯ ನೆತ್ತಿಗೆ ಕಟ್ಟಿದರು. ಇದೇ ಈ ವರ್ಷದ ರಕ್ಷಣಾ ಗಾಡಿ ಎಂದು ಸಾರಿದರು. ಸಂಘದಲ್ಲಿ ಅದಕ್ಕಿಂತ ದೊಡ್ಡ ಗೌರವವಿಲ್ಲ ಎಂದು ಪಕ್ಕದವರು ಅಸೂಯೆಯಿಂದ ಪಿಸುಗುಟ್ಟಿದರು.

ನಕ್ಷೆರಾಯ ಆಗಲೇ ಗಾಡಿಯ ಬಾಗಿಲಿಗೆ ಕೈ ಹಾಕಿದ್ದ. "ಹಾಗಾದ್ರೆ ಮೊದ್ಲು ಹೋಗೋದು ನಾನಾ, ಇಲ್ಲ ಎಲ್ಲರ ಹಿಂದೆ ಬರ್ಬೇಕಾ?"

"ನೀವು ಹೋಗೋದಿಲ್ಲ" ಎಂದರು ಅಧ್ಯಕ್ಷರು. "ರಕ್ಷಣಾ ಗಾಡೀನೇ ಮೇಲೆ ಹೋಗಿ ಸಿಕ್ಕಾಕ್ಕೊಂಡ್ರೆ, ರಕ್ಷಿಸೋರು ಯಾರು? ನೀವು ಇಲ್ಲೇ ಕೆಳಗಿರ್ಬೇಕು. ಯಾರಾದ್ರೂ ಸಿಕ್ಕಿಬಿದ್ರೆ ಕರೀತೀವಿ."

ಮಾತು ನ್ಯಾಯವಾಗಿಯೇ ಇತ್ತು, ಅದೇ ಕಷ್ಟ. ನಕ್ಷೆರಾಯ ಮಾಮನನ್ನು ಪಕ್ಕಕ್ಕೆ ಕರೆದು, ಎಲ್ಲವನ್ನೂ ಈಗಲೇ ಬಿಚ್ಚಿಬಿಡಿ, ಬರೀ ಗಾಡಿ ಸಾಕು ಎಂದು ಬೇಡಿಕೊಂಡ. ಮಾಮ ಅವನನ್ನು ಮರುಕದಿಂದ ನೋಡಿದರು. ತಮ್ಮ ಬೆಸುಗೆಯನ್ನು ಬಿಚ್ಚಲು ತಮ್ಮಿಂದಲೂ ಆಗುವುದಿಲ್ಲ ಎಂದರು. ಭಾವಮೈದನನ್ನು ಗಾಡಿಗೆ ಕಾವಲಿಟ್ಟು ಬೇರೆ ಗಾಡಿ ಹತ್ತೋಣವೆಂದರೆ ಅವನಿಗೆ ಓಡಿಸಲು ಬಾರದು. ಅಷ್ಟರಲ್ಲಿ ಇಂಥ ಗಾಡಿ ಸಿದ್ಧಮಾಡಿದವರನ್ನು ಕೆಳಗೆ ಬಿಟ್ಟು ಹೋಗುವುದು ಸರಿಯಲ್ಲವೆಂದು ಸಂಘದವರು ಮಾಮನನ್ನು, ಭಾವಮೈದನನ್ನು, ನರ್ಸಮ್ಮನನ್ನು ತಮ್ಮ ತಮ್ಮ ಗಾಡಿಗಳಿಗೆ ಹತ್ತಿಸಿಕೊಂಡರು. ಹೆಂಡತಿಗೆ ಅಧ್ಯಕ್ಷರ ಪಕ್ಕದ ಸೀಟೇ ಸಿಕ್ಕಿತು. ಅವಳು ಒಲ್ಲೆನೆಂದು ಎರಡು ಸಲ ಹೇಳಿ ಹತ್ತಿ ಕೂತಳು.

ಗಾಡಿಗಳು ಒಂದರ ಹಿಂದೊಂದು ಧೂಳೆಬ್ಬಿಸುತ್ತಾ ತಿರುವಿನಲ್ಲಿ ಮರೆಯಾದವು. ನಕ್ಷೆರಾಯ ಸಂಘದವರು ಕೊಟ್ಟ ವಾಕಿಟಾಕಿ ಹಿಡಿದು ಸ್ಟಿಯರಿಂಗಿನ ಹಿಂದೆ ಕೂತ. ಯಾರಾದರೂ ಒಬ್ಬರು ಸಿಕ್ಕಿಬೀಳಲಿ ದೇವರೇ ಎಂದು ಬೇಡಿಕೊಂಡ. ಪೆಟ್ಟಾಗುವುದು ಬೇಡ, ಒಂದೇ ಒಂದು ಚಕ್ರ ಒಂದಿಷ್ಟು ಹೂತರೆ ಸಾಕು, ಆದಷ್ಟು ನೆತ್ತಿಯ ಹತ್ತಿರ ಹೂತುಕೊಳ್ಳಲಿ. ಇಂಥ ಬೇಡಿಕೆಗೆ ನಾಚಿಕೆಯಾಯಿತು. ನಾಚಿಕೆಯಾದರೂ ಬೇಡುವುದನ್ನು ಬಿಡಲಿಲ್ಲ.

ಬಿಸಿಲು ಇಳಿಯುವಾಗ ವಾಕಿಟಾಕಿ ಗೊರಗುಟ್ಟಿತು. ಅವನು ಎಂಜಿನ್ ಚಾಲೂ ಮಾಡಿಯೇ ಕಿವಿಗಿಟ್ಟುಕೊಂಡ. ಹೆಂಡತಿಯ ದನಿ.

"ರೀ, ನೆತ್ತಿ ಮೇಲೆ ಬಂದ್ವಿ. ಇಲ್ಲೊಂದು ಕೊಳ ಇದೆ ಕಣ್ರೀ, ನೀಲಿ ನೀರು. ನಿಮ್ಮ ನಕ್ಷೇಲಿ ಇದನ್ನ ಯಾಕೆ ಬರ್ದಿಲ್ಲ?"

ನಕ್ಷೆರಾಯ ಎಂಜಿನ್ ಆರಿಸಿದ. ಇಷ್ಟು ವರ್ಷ ಬರೆದ ಬೆಟ್ಟ ತನ್ನಿಂದ ಒಂದು ಕೊಳವನ್ನು ಮುಚ್ಚಿಟ್ಟಿತ್ತು. ಹೋಗಿ ನೋಡದೆ ಇನ್ನು ಅವನಿಗೆ ನಿದ್ದೆ ಬರುವ ಹಾಗಿರಲಿಲ್ಲ.

ಸಂಜೆ ಎಲ್ಲರೂ ಇಳಿದು ಬಂದರು. ಒಬ್ಬರೂ ಸಿಕ್ಕಿಬಿದ್ದಿರಲಿಲ್ಲ. ಸಂಘದ ಚರಿತ್ರೆಯಲ್ಲೇ ಇದು ಮೊದಲ ಸಲವಂತೆ. ಕೆಳಗೆ ಇಂಥ ಗಾಡಿ ಕಾಯುತ್ತಿದೆ ಎಂಬ ಧೈರ್ಯಕ್ಕೆ ಯಾರ ಕೈಯೂ ನಡುಗಲಿಲ್ಲ, ಯಾರ ಚಕ್ರವೂ ಜಾರಲಿಲ್ಲ ಎಂದು ಅಧ್ಯಕ್ಷರು ನಕ್ಷೆರಾಯನ ಎರಡೂ ಕೈ ಹಿಡಿದುಕೊಂಡು ಹೇಳಿದರು. ಇನ್ನು ಪ್ರತಿವರ್ಷವೂ ಇದೇ ರಕ್ಷಣಾ ಗಾಡಿ ಎಂದು ಅಲ್ಲಿಯೇ ಒಮ್ಮತದಿಂದ ತೀರ್ಮಾನವಾಯಿತು. ಬೇಡವೆನ್ನಲು ಎದ್ದ ಒಂದೇ ಕೈಯನ್ನು ಒಪ್ಪಿಗೆಯೆಂದು ತಿಳಿದು ಎಲ್ಲರೂ ಚಪ್ಪಾಳೆ ತಟ್ಟಿದರು.

ಜನ ಕರಗಿದ ಮೇಲೆ ಹೆಂಡತಿ ಬಂದು ಪಕ್ಕದಲ್ಲಿ ನಿಂತಳು. ಕೂದಲ ತುಂಬ ಕೆಂಪು ಧೂಳು, ಕಣ್ಣಲ್ಲಿ ಹೊಳಪು. ನಕ್ಷೆರಾಯ ತಲೆ ಎತ್ತದೆ ಕೇಳಿದ. ಮೇಲಿಂದ ಏನೇನು ಕಾಣುತ್ತದೆ? ಊರು ಕಾಣುತ್ತದೆಯೇ, ಕಚೇರಿ ಕಾಣುತ್ತದೆಯೇ, ಆಚೆ ಮಗ್ಗುಲಲ್ಲಿ ಏನಿದೆ?

"ಎಲ್ಲಾ ಕಾಣ್ಸುತ್ತಂತೆ ಕಣ್ರೀ" ಎಂದಳು ಹೆಂಡತಿ. "ಆದ್ರೆ ನಾವ್ಯಾರೂ ಆ ಕಡೆ ತಿರುಗ್ಲೇ ಇಲ್ಲ. ಎಲ್ಲಾರೂ ತುದೀಲಿ ಸಾಲಾಗಿ ನಿಂತ್ಕೊಂಡು, ಕೆಳಗಿದ್ದ ನಿಮ್ಮ ಗಾಡೀನೇ ನೋಡ್ತಾ ಇದ್ವಿ."