ಸಂತ್ರಾ ಒಲ್ಲೆ ಎಂದವರು

ಚಳಿಗಾಲದ ಒಂದು ಮಧ್ಯಾಹ್ನ. ನಾಗಪುರದ ಹೊರಗೊಂದು ಕಿತ್ತಳೆ ತೋಟ. ಗಿಡದ ನೆರಳಿಗೆ ಜಮಖಾನೆ ಹಾಸಿ ಕೂತ ಗಂಡಸರು ಒಬ್ಬರಾದ ಮೇಲೊಬ್ಬರು ‘ನನಗ ಸಂತ್ರಾ ಬ್ಯಾಡ’ ಎಂದು ಕೈಯಾಡಿಸಿದರು. ಯಾಕೆ? ಊಹಿಸಿ ನೋಡೋಣ. ಸಕ್ಕರೆ ಕಾಯಿಲೆಯೇ? ಅಲ್ಲ. ನೆಗಡಿಯೇ? ಅಲ್ಲ. ಹಣ್ಣು ಹುಳಿಯಿತ್ತೇ? ಛೇ, ಕಿತ್ತಳೆಯನ್ನು ಸಂತ್ರಾ ಎಂದು ಕರೆದು ತಲೆಯ ಮೇಲೆ ಹೊತ್ತು ಮೆರೆಯುವ ಈ ಊರಿನಲ್ಲಿ ಅಂಥ ಮಾತನ್ನು ಮೆಲ್ಲಗೆ ಕೂಡ ಆಡಬೇಡಿ. ನೀವು ಯೋಚಿಸುತ್ತಿರಿ. ಅಷ್ಟರಲ್ಲಿ ನಾನು ಮೊದಲಿನಿಂದ ಹೇಳಿಬಿಡುತ್ತೇನೆ.

ಇಂಥವು ನನ್ನ ಸುತ್ತ ಆಗುತ್ತಲೇ ಇರುತ್ತವೆ. ಕೇಂದ್ರ ಸರ್ಕಾರದ ಕಚೇರಿಯಲ್ಲಿದ್ದಾಗ ನಗುವಂಥದ್ದು ವರ್ಷಕ್ಕೊಮ್ಮೆ ನಡೆಯುತ್ತಿತ್ತು, ಅದೂ ಆಡಿಟ್‌ನವರು ಬಂದಾಗ. ನಿವೃತ್ತನಾದ ಮೇಲೆ ವಾರಕ್ಕೊಂದು. ಪೆನ್ಷನ್ನಿಗಿಂತ ಇದೇ ದೊಡ್ಡ ಲಾಭ ಎಂದು ನನ್ನ ಭಾವನೆ.

ಮೊಣಕಾಲಿನ ನೋವು

ನನಗೆ ಮಾತಿಗೆ ಬರವಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೂ ವೇತನ ಆಯೋಗದ ಇತಿಹಾಸ ಹೇಳಬಲ್ಲೆ. ಆದರೆ ಆ ದಿನ ಡಾಕ್ಟರ ಕೋಣೆಯಲ್ಲಿ ನಾಲಗೆ ಮಡಚಿ ಕೂತಿತು. ವಿಷಯವೇ ಅಂಥದ್ದು. ವಯಸ್ಸಾದ ಗಂಡಸರಿಗೆ ಬರುವ ಆ ತೊಂದರೆ ಇದೆಯಲ್ಲ, ಅದು. ಮನಸ್ಸು ಇನ್ನೂ ಸರ್ವಿಸ್‌ನಲ್ಲಿದೆ, ದೇಹ ಮಾತ್ರ ನನ್ನನ್ನು ಕೇಳದೆ ಸ್ವಯಂನಿವೃತ್ತಿ ತೆಗೆದುಕೊಂಡಿದೆ.

‘ಮೊಣಕಾಲು ನೋವು’ ಎಂದೆ.

ಡಾಕ್ಟರು ಮರಾಠಿಯವರು. ಅರ್ಧ ಓಣಿ ಉತ್ತರ ಕರ್ನಾಟಕದ ನಮ್ಮ ಕಡೆಯವರೇ ತುಂಬಿದ್ದರಿಂದ ಅವರಿಗೆ ಕನ್ನಡವೂ ಸಾಕಷ್ಟು ಬರುತ್ತದೆ. ಮೊಣಕಾಲು ಒತ್ತಿದರು, ಮಡಚಿದರು, ಬಿಚ್ಚಿದರು. ಆಮೇಲೆ ಕನ್ನಡಕ ತೆಗೆದು, ‘ಕಾಕಾ, ಮೊಣಕಾಲು ಏಕದಮ್ ಛಲೋ ಐತಿ. ಮೊಣಕಾಲು ನೋಯುವವರು ಬಾಗಿಲಾ ಹಾಕ್ಯದೋ ಇಲ್ಲೋ ಅಂತ ಹಿಂಗ ತಿರುಗಿ ತಿರುಗಿ ನೋಡೂದಿಲ್ಲ. ಈಗ ಖರೇ ಹೇಳ್ರಿ’ ಎಂದರು.

ಹೇಳಿದೆ. ಗೋಡೆಯ ಕ್ಯಾಲೆಂಡರಿಗೆ ಹೇಳಿದಂತೆ ಹೇಳಿದೆ.

ಅವರು ನಗಲಿಲ್ಲ. ಬಿ.ಪಿ. ನೋಡಿದರು, ರಕ್ತ ಪರೀಕ್ಷೆ ಬರೆದರು, ಇ.ಸಿ.ಜಿ. ಮಾಡಿಸಿದರು. ಇದು ಕೆಲವೊಮ್ಮೆ ಸಕ್ಕರೆ ಕಾಯಿಲೆಯ, ಹೃದಯದ ತೊಂದರೆಯ ಮುನ್ಸೂಚನೆಯೂ ಇರಬಹುದಂತೆ. ಎಲ್ಲ ಸರಿ ಇದೆ ಎಂದು ಕಂಡ ಮೇಲೆಯೇ ಗುಳಿಗೆ ಬರೆದು, ಬೆರಳೆತ್ತಿ ಪಾಠ ಹೇಳಿದರು. ದಿನಕ್ಕೆ ಒಂದೇ, ಸಾಲಲಿಲ್ಲ ಅಂತ ಇನ್ನೊಂದು ಇಲ್ಲ. ಹೊಟ್ಟೆ ಬಿರಿಯುವಂತೆ ಉಂಡು ತೆಗೆದುಕೊಳ್ಳಬೇಡಿ, ಮದ್ಯದ ಜೊತೆ ಬೇಡ. ಚಕ್ಕೋತದ ತಮ್ಮನಂಥ ಗ್ರೇಪ್‌ಫ್ರೂಟ್ ಎಂಬ ಹಣ್ಣಿದೆ, ಅದರ ರಸ ಬೇಡ. ಎದೆ ನೋವು ಬಂದರೆ, ಕಣ್ಣು ಮಂಜಾದರೆ, ಮೈ ತಾಸುಗಟ್ಟಲೆ ಸಹಜಕ್ಕೆ ಬರದಿದ್ದರೆ ನಾಚದೆ ಆಸ್ಪತ್ರೆಗೆ ಓಡಿ. ಮತ್ತೆ ಎಲ್ಲಕ್ಕಿಂತ ಮುಖ್ಯದ್ದು: ‘ಎದೆನೋವಿಗೆ ನಾಲಗೆ ಕೆಳಗೆ ಗುಳಿಗೆ ಇಟ್ಕೊಳ್ಳುವವರು ಇದನ್ನ ಮುಟ್ಟಲೇಬಾರದು. ಎರಡೂ ಕೂಡಿದರ ಬಿ.ಪಿ. ಪಾತಾಳಕ್ಕೆ ಹೋಗತದ. ಜೀವಾನೇ ಹೋಗಬಹುದು. ನಿಮ್ಮ ಗುಳಿಗೆ ಯಾರಿಗೂ ಹಂಚಬ್ಯಾಡ್ರಿ.’

ಏಳುವಾಗ ನನಗೆ ಹೊಸ ಚಿಂತೆ. ‘ಡಾಕ್ಟರ್, ಮನ್ಯಾಗ ಮೊಣಕಾಲು ನೋವು ಅಂತ ಹೇಳಿ ಬಂದೀನಿ.’

ಅವರು ಡ್ರಾವರಿನಿಂದ ಮುಲಾಮಿನ ಟ್ಯೂಬು ತೆಗೆದು ಕೈಗಿಟ್ಟರು. ‘ಇದನ್ನೂ ಒಯ್ಯರಿ. ಸುಳ್ಳಿಗೂ ಒಂದು ಔಷಧ ಬೇಕಲ್ಲ.’

ಗುಳಿಗೆ ಮತ್ತು ಟಿ.ವಿ. ಚರ್ಚೆ

ಒಂದು ಸಂಜೆ ಗುಳಿಗೆ ನುಂಗಿದೆ. ಕೆಲಸ ಮಾಡಲು ಸುಮಾರು ತಾಸು ಬೇಕು ಎಂದಿದ್ದರು. ಸರಿ, ಸೋಫಾದಲ್ಲಿ ಕೂತು ಟಿ.ವಿ. ಹಚ್ಚಿದೆ. ಪರದೆಯ ತುಂಬ ಚೌಕಗಳು, ಚೌಕಕ್ಕೊಬ್ಬ ಕೂಗುವವನು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಳು. ತಾಸಾಯಿತು. ಟಿ.ವಿ.ಯವರ ಮುಖ ಕೆಂಪಾಯಿತು, ನನ್ನ ಮುಖವೂ ಕೆಂಪಾಯಿತು, ಮತ್ತೇನೂ ಆಗಲಿಲ್ಲ.

ಮರುದಿನ ಡಾಕ್ಟರ ಹತ್ತಿರ ಜಗಳಕ್ಕೇ ಹೋದೆ. ‘ಗುಳಿಗೆ ನಕಲಿ ಐತ್ರಿ.’

‘ನುಂಗಿ ಏನು ಮಾಡಿದ್ರಿ?’

‘ನ್ಯೂಸ್ ನೋಡಿದೆ.’

‘ಕಾಕೂ ಎಲ್ಲಿದ್ರು?’

‘ಅಡಗಿ ಮನ್ಯಾಗ. ಆಕಿಗೆ ಇನ್ನೂ ಹೇಳಿಲ್ಲ.’

ಡಾಕ್ಟರು ಹಣೆ ಹಿಡಿದುಕೊಂಡರು. ‘ಕಾಕಾ, ಗುಳಿಗೆ ರಸ್ತೆ ಸಾಫ್ ಮಾಡಿ ಕೊಡತದ, ಅಷ್ಟೇ. ಗಾಡಿ ನೀವೇ ಹೊಡೀಬೇಕು. ಪ್ರೀತಿ ಬೇಕು, ನಾಲ್ಕು ಮಾತು ಬೇಕು. ಆ ಚರ್ಚೆ ನೋಡಿಕೋತ ಕೂತರ ಇಪ್ಪತ್ತರ ಹುಡುಗಗೂ ಏನೂ ಆಗೂದಿಲ್ಲ. ಮೊದಲು ಹೋಗಿ ಅವರಿಗೆ ಹೇಳ್ರಿ.’

ಹೇಳಿದೆ. ನೇರ ಹೇಳುವ ಧೈರ್ಯವಿಲ್ಲದೆ ನಮ್ಮ ಮದುವೆಯ ನಿಶ್ಚಿತಾರ್ಥದಿಂದ ಶುರು ಮಾಡಿ, ಮಧ್ಯೆ ಎರಡು ವರ್ಗಾವಣೆ ದಾಟಿ, ಗುಳಿಗೆಯ ತನಕ ಬಂದೆ. ಅವಳು ಕೊನೆಯವರೆಗೂ ಕೇಳಿದಳು. ಕೇಳಿ, ‘ಅಂದ್ರ ನಿಮ್ಮ ಮೊಣಕಾಲಿಗೆ ಏನೂ ಆಗಿಲ್ಲ?’ ಎಂದಳು.

‘ಇಲ್ಲ.’

‘ಮತ್ತ ದಿನಾ ಸಂಜಿಗೆ ನೆಲದ ಮ್ಯಾಲೆ ಕೂತು ಆ ಮುಲಾಮು ತಿಕ್ಕಿದೆನಲ್ರೀ ನಾನು! ನನ್ನ ಮೊಣಕಾಲು ಖರೇನ ನೋಯಾಕಹತ್ಯಾವ. ಬರ್ರಿಲ್ಲೆ, ಇನ್ನ ನೀವು ತಿಕ್ಕರಿ.’

ತಿಕ್ಕಿದೆ. ತಿಕ್ಕುತ್ತ ಮಾತಾಡಿದೆವು, ಮಾತಾಡುತ್ತ ನಕ್ಕೆವು. ಎಷ್ಟು ವರ್ಷವಾಗಿತ್ತೋ ಹಾಗೆ ನಕ್ಕು. ಡಾಕ್ಟರು ಹೇಳಿದ್ದು ಸುಳ್ಳಲ್ಲ. ನಮ್ಮ ಟಿ.ವಿ.ಯ ರಿಮೋಟು ಆ ವಾರ ಎಲ್ಲಿ ಕಳೆದಿತ್ತೋ, ಇಬ್ಬರೂ ಹುಡುಕಲಿಲ್ಲ.

ಬಿನಾ ನಿಂಬೂ

ನಮ್ಮದೊಂದು ಗುಂಪು. ಬೆಳಿಗ್ಗೆ ಕೆರೆ ದಂಡೆಗೆ ವಾಕಿಂಗು, ಆಮೇಲೆ ಗಾಡಿಯ ಹತ್ತಿರ ನಿಂತು ತರ್ರಿ ಪೋಹಾ. ಅವಲಕ್ಕಿಯ ಮೇಲೆ ಕಡಲೆಯ ಖಾರದ ಸಾರು ಸುರಿದು, ಮೇಲೆ ಲಿಂಬೆ ಹಿಂಡಿ ಕೊಡುತ್ತಾರೆ. ವಾಕಿಂಗಿನಲ್ಲಿ ಕಳೆದದ್ದನ್ನು ಅಲ್ಲೇ ಮರಳಿ ಗಳಿಸುವ ವ್ಯವಸ್ಥೆ.

ಗುಂಪಿನಲ್ಲಿ ಸಸ್ಯಶಾಸ್ತ್ರದ ನಿವೃತ್ತ ಪ್ರೊಫೆಸರರು ಒಬ್ಬರು. ನಾನು ಸಿಳ್ಳೆ ಹಾಕುತ್ತ ನಡೆಯುವುದನ್ನು ಕಂಡು ಕಾರಣ ಕೇಳಿದರು. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದುಂಟೇ? ಅವರೂ ಅದೇ ಡಾಕ್ಟರ ಹತ್ತಿರ ಹೋಗಿ, ಪರೀಕ್ಷೆ ಎಲ್ಲ ಮಾಡಿಸಿಕೊಂಡು, ಗುಳಿಗೆಯೊಂದಿಗೆ ಒಂದು ಸಿದ್ಧಾಂತವನ್ನೂ ತಂದರು.

‘ಗ್ರೇಪ್‌ಫ್ರೂಟ್ ಬ್ಯಾಡ ಅಂದ್ರಲ್ಲ, ಅದರ ಅರ್ಥ ತಿಳೀತೇನ್ರಿ ನಿಮಗ? ಅದು ಸಿಟ್ರಸ್ ಕುಲ. ಚಕ್ಕೋತ, ಸಂತ್ರಾ, ಮೋಸಂಬಿ, ಲಿಂಬಿ, ಎಲ್ಲಾ ಒಂದ ಮನಿತನ. ಅಣ್ಣಗ ಬಂದ್ ಇದ್ದರ ತಮ್ಮಗೂ ಬಂದ್.’

‘ಡಾಕ್ಟರು ಸಂತ್ರಾದ ಹೆಸರು ತಗೀಲಿಲ್ಲಲ್ರಿ, ಸರ?’

‘ಅವರು ಎಂ.ಬಿ.ಬಿ.ಎಸ್. ಓದ್ಯಾರ. ಬಾಟನಿ ನಾ ಓದೀನಿ.’

ನಾನು ಬಿ.ಎ., ಅವರು ಪಿಎಚ್.ಡಿ. ಏನು ವಾದ ಮಾಡಲಿ? ಚಳಿಗಾಲದ ನಾಗಪುರದಲ್ಲಿ ರಸ್ತೆಯ ತುಂಬ ಸಂತ್ರಾದ ರಾಶಿ, ನಾನು ಮೂಗು ಮುಚ್ಚಿಕೊಂಡು ದಾಟತೊಡಗಿದೆ.

ಮರುದಿನ ಪೋಹಾದವನು ಲಿಂಬೆ ಹಿಂಡಲು ಕೈ ಎತ್ತಿದ. ನಾನೂ ಪ್ರೊಫೆಸರರೂ ಒಟ್ಟಿಗೆ ತಟ್ಟೆಗೆ ಅಂಗೈ ಅಡ್ಡ ಹಿಡಿದೆವು. ಲಿಂಬೆ ಬೇಡದ ತಟ್ಟೆ ಎರಡು ಎಂದು ಜೊತೆಯ ಹುಡುಗನಿಗೆ ತಿಳಿಯಲೆಂದು ಅವನು ‘ದೋ ಪ್ಲೇಟ್, ಬಿನಾ ನಿಂಬೂ!’ ಎಂದು ಕೂಗಿದ.

ಗಾಡಿಯ ಆಚೆ ಬದಿಯಿಂದ ನಮ್ಮ ಗುಂಪಿನ ನಿವೃತ್ತ ರೈಲ್ವೆ ಗಾರ್ಡ್ ಸಾಹೇಬರು ತಮ್ಮದೂ ಹಾಗೇ ಇರಲಿ ಎಂದು ಕೂಗಿದರು. ‘ಮೇರಾ ಭೀ!’

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಪ್ರೊಫೆಸರರ ಪಾಠ ಎಷ್ಟು ದೂರ ಮುಟ್ಟಿದೆ ಎಂದು ನನಗೆ ಆಗ ತಿಳಿಯಿತು.

ತೋಟದಲ್ಲಿ

ಇನ್ನು ನಿಮಗೆ ಊಹಿಸಲು ಹೇಳಿದ್ದಕ್ಕೆ ಬರುತ್ತೇನೆ. ಡಾಕ್ಟರದು ಕಳಮೇಶ್ವರದ ಕಡೆ ಒಂದು ಸಂತ್ರಾ ತೋಟವಿದೆ. ಹಬ್ಬದ ಗದ್ದಲ ಮುಗಿದ ಮೇಲೆ ನಮ್ಮ ಗುಂಪನ್ನು ಹೆಂಡಂದಿರ ಸಮೇತ ಊಟಕ್ಕೆ ಕರೆದರು. ಸಜ್ಜೆ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋದೆವು.

ಗುಂಪಿನಲ್ಲಿ ಇನ್ನೊಬ್ಬರಿದ್ದಾರೆ, ಬ್ಯಾಂಕಿನ ನಿವೃತ್ತ ಮ್ಯಾನೇಜರು. ಇವರ ಬಗ್ಗೆ ಎರಡು ಮಾತು ಹೇಳಲೇಬೇಕು. ಒಂದು, ಹೃದಯದಲ್ಲಿ ಸ್ಟೆಂಟು ಕೂತಿದೆ. ಎದೆ ಹಿಡಿದರೆ ನಾಲಗೆ ಕೆಳಗಿಡುವ ಗುಳಿಗೆಯನ್ನು ಪುಟ್ಟ ಬೆಳ್ಳಿ ಡಬ್ಬಿಯಲ್ಲಿ ಹಾಕಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು, ಕೇಳಿದವರಿಗೂ ಕೇಳದವರಿಗೂ ತೋರಿಸುತ್ತಾರೆ. ಎರಡು, ಪಂಚಾಂಗ ನೋಡದೆ ಕ್ಷೌರಕ್ಕೂ ಹೋಗುವುದಿಲ್ಲ.

ಊಟವಾಯಿತು. ಡಾಕ್ಟರು ತಾವೇ ಬುಟ್ಟಿ ಹಿಡಿದು ಬಂದರು. ‘ಈಗ ಗಿಡದಿಂದ ಕಿತ್ತದ್ದು. ತಗೋರಿ, ಕಾಕಾ.’

‘ನನಗ ಸಂತ್ರಾ ಬ್ಯಾಡ್ರಿ’ ಎಂದೆ.

‘ನನಗೂ ಬ್ಯಾಡ’ ಎಂದರು ಪ್ರೊಫೆಸರರು. ‘ನನಗೂ’ ಎಂದರು ಗಾರ್ಡ್ ಸಾಹೇಬರು.

ಡಾಕ್ಟರ ಮುಖ ಸಣ್ಣದಾಯಿತು. ‘ಅರೆ, ನನ್ನ ತೋಟದ ಹಣ್ಣಿಗೆ ಏನಾಗೇದ?’

ಪ್ರೊಫೆಸರರು ಅವರ ಕಿವಿಯಲ್ಲಿ ತಮ್ಮ ಸಿಟ್ರಸ್ ಸಿದ್ಧಾಂತ ಉಸುರಿದರು. ಡಾಕ್ಟರು ಬುಟ್ಟಿ ಕೆಳಗಿಟ್ಟು ಹೊಟ್ಟೆ ಹಿಡಿದು ನಕ್ಕರು. ‘ಸರ, ನಾ ಹೇಳಿದ್ದು ಗ್ರೇಪ್‌ಫ್ರೂಟು! ನಮ್ಮ ಸಂತ್ರಾ ಪಾಪ ಏನು ಮಾಡೇದ? ತಿನ್ನರಿ, ಹೊಟ್ಟಿ ತುಂಬ ತಿನ್ನರಿ!’

ಅಷ್ಟರಲ್ಲಿ ಜಮಖಾನೆಯ ಆ ತುದಿಯಿಂದ ಮ್ಯಾನೇಜರರ ಸಣ್ಣ ಧ್ವನಿ. ‘ನನಗೂ ಬ್ಯಾಡ್ರಿ.’

ಡಾಕ್ಟರ ನಗು ಅರ್ಧಕ್ಕೆ ನಿಂತಿತು. ಅವರು ನನ್ನನ್ನು ನೋಡಿದರು, ನಾನು ಆ ಕಿಸೆಯನ್ನು ನೋಡಿದೆ. ಎದೆನೋವಿನ ಗುಳಿಗೆ ಇಟ್ಟುಕೊಂಡವರು ಇದನ್ನೂ ನುಂಗಿದ್ದರೆ? ಎಲ್ಲ ಹೆಂಗಸರೂ ಅಲ್ಲೇ ಕೂತಿದ್ದಾರೆ. ಡಾಕ್ಟರಾದವರು ನಾಲ್ಕು ಜನರ ಮುಂದೆ ರೋಗಿಗಳ ಗುಟ್ಟು ಬಿಚ್ಚುವಂತಿಲ್ಲ. ನನಗೆ ಆ ಕಟ್ಟುಪಾಡು ಇರಲಿಲ್ಲ. ಎದ್ದು ನಿಂತು ಕೂಗಿದೆ: ‘ಮ್ಯಾನೇಜರ್ ಸಾಹೇಬ್ರ, ನಾನೂ ಆ ಗುಳಿಗಿ ತಗೋತೀನಿ, ಈ ಸರನೂ ತಗೋತಾರ, ಗಾರ್ಡ್ ಸಾಹೇಬ್ರೂ ತಗೋತಾರ. ನಾಚೂ ಮಾತಿಲ್ಲ. ನೀವು ತಗೊಂಡೀರೇನು? ಜಲ್ದಿ ಹೇಳ್ರಿ!’

ಗಾರ್ಡ್ ಸಾಹೇಬರ ಹೆಂಡತಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು.

‘ಇನ್ನೂ ಇಲ್ಲ’ ಎಂದರು ಮ್ಯಾನೇಜರು ನೆಲ ನೋಡುತ್ತ. ‘ಸಂಜಿಗೆ ಅಂತ ಇಟ್ಟೀನಿ. ಸರ ಒಂದು ಕೊಟ್ಟರು. ಪಥ್ಯಾ ಮುಂಜಾನಿಂದ ಹಿಡದೀನಿ.’

ಬೆಳ್ಳಿ ಡಬ್ಬಿ ತೆಗೆಸಿದೆವು. ಎರಡೂ ಗುಳಿಗೆ ಪಕ್ಕಪಕ್ಕದಲ್ಲಿ, ಬೀಗರಂತೆ ಕೂತಿದ್ದವು.

ಡಾಕ್ಟರು ಒಂದನ್ನು ಎತ್ತಿ ತಮ್ಮ ಕಿಸೆಗೆ ಹಾಕಿಕೊಂಡು ಬಿಗಿಯಾಗಿ ಹೇಳಿದರು: ‘ಇವೆರಡೂ ನಿಮ್ಮ ಹೊಟ್ಟ್ಯಾಗ ಭೆಟ್ಟಿ ಆಗಿದ್ದರ ನಾಳೆ ನಾವೆಲ್ಲ ಬಿಳೀ ಬಟ್ಟೆ ಹಾಕ್ಕೊಂಡು ಬರಬೇಕಾಗತಿತ್ತು. ನಾಳೆ ನನ್ನ ಕಡೆ ಬರ್ರಿ, ನಿಮ್ಮ ಹೃದಯದ ಡಾಕ್ಟರ ಜೊತೆ ಮಾತಾಡೋಣ. ನಿಮಗೂ ದಾರಿ ಅದಾವ, ಈ ಗುಳಿಗೆ ಒಂದ ಅಲ್ಲ.’ ಆಮೇಲೆ ಪ್ರೊಫೆಸರರ ಕಡೆ ತಿರುಗಿದರು. ಪ್ರೊಫೆಸರರು ಆಗಲೇ ಒಂದು ಸಂತ್ರಾವನ್ನು ಸಿಪ್ಪೆ ಸಮೇತ ಬಾಯಿಗೆ ತುಂಬಿಕೊಂಡು ಮಾತಾಡಲಾಗದ ಸ್ಥಿತಿಯಲ್ಲಿದ್ದರು.

ಉಳಿದವರು ಮ್ಯಾನೇಜರರ ಹೆಂಡತಿ, ನಮ್ಮೆಲ್ಲರ ವೈನಿ, ಅಂದರೆ ಅತ್ತಿಗೆ. ಕಣ್ಣಲ್ಲಿ ನೀರಿತ್ತು. ಅವರು ಗಂಡನ ಹತ್ತಿರ ಬಂದು ಕೂತು, ಒಂದು ಸಂತ್ರಾ ಸುಲಿದು, ನಾರು ಬಿಡಿಸಿ, ಒಂದು ತೊಳೆ ಅವರ ಬಾಯಿಗಿಟ್ಟರು.

‘ನನಗ ನೀವು ಬೇಕ್ರಿ, ಗುಳಿಗಿ ಅಲ್ಲ’ ಎಂದರು. ಆಮೇಲೆ ಕಣ್ಣೊರೆಸಿಕೊಂಡು ಧ್ವನಿ ಏರಿಸಿದರು. ‘ಆದ್ರ ಒಂದು ಹೇಳ್ರಿ. ಕ್ಷೌರಕ್ಕ ಪಂಚಾಂಗ ನೋಡತೀರಿ, ಚಪ್ಪಲಿ ತರಾಕ ಪಂಚಾಂಗ ನೋಡತೀರಿ. ಇಷ್ಟು ವರ್ಷದ ಮ್ಯಾಲೆ ಇಂಥಾ ಶುಭಕಾರ್ಯ ಇಟ್ಟುಕೊಳ್ಳೂ ಮುಂದ ಇವತ್ತ ಯಾವ ದಿನಾ ಅಂತ ನೋಡಬಾರದಿತ್ತೇನ್ರಿ?’

ಮ್ಯಾನೇಜರು ಹಣೆ ಹಣೆ ಬಡಿದುಕೊಂಡರು. ಪಾಪ, ಹಬ್ಬಕ್ಕೆ ಬಂದಿದ್ದ ಮಗಳು, ಮೊಮ್ಮಕ್ಕಳು ಬೆಳಿಗ್ಗೆ ಊರಿಗೆ ಹೋದ ಖುಷಿಯಲ್ಲಿ ಪಂಚಾಂಗ ಮರೆತಿದ್ದರು. ನಾವು ನಕ್ಕ ನಗೆಗೆ ಗಿಡದ ಹಕ್ಕಿಗಳು ಎದ್ದು ಹೋದವು. ಯಾಕೆಂದರೆ ಅವತ್ತು, ನಮ್ಮ ಕಡೆ ಯಾರೂ ಹೊಸ ಬಟ್ಟೆ ಉಡದ, ಯಾವ ಒಳ್ಳೆಯ ಕೆಲಸಕ್ಕೂ ಕೈ ಹಚ್ಚದ ದಿನ: ಮಕರ ಸಂಕ್ರಮಣದ ಮರುದಿನ, ಕರಿ.